ನೀರೇ ಬೇಡದ ಎಂಜಿನ್

ಎರಡನೇ ಮಹಾಯುದ್ಧದ ಚಳಿಗಾಲಗಳಲ್ಲಿ ರಷ್ಯಾದ ಲಾರಿ ಚಾಲಕರು ರಾತ್ರಿ ಮಲಗುವ ಮುಂಚೆ ಒಂದು ಕೆಲಸವನ್ನು ಮರೆಯುವಂತಿರಲಿಲ್ಲ. ರೇಡಿಯೇಟರ್‌ನಲ್ಲಿದ್ದ ನೀರನ್ನೆಲ್ಲ ಹೊರಗೆ ಬಿಡಬೇಕಿತ್ತು. ಬೆಳಿಗ್ಗೆ ಎದ್ದು ನೀರು ಕಾಯಿಸಿ ಮತ್ತೆ ತುಂಬಬೇಕಿತ್ತು. ಮರೆತರೆ ಎಂಜಿನ್ ಬಿರುಕು ಬಿಡುತ್ತಿತ್ತು. ನೀರು ಗಡ್ಡೆ ಕಟ್ಟುವಾಗ ಸುಮಾರು ಶೇ 9ರಷ್ಟು ಹಿಗ್ಗುತ್ತದೆ. ಆ ಒತ್ತಡದ ಮುಂದೆ ಎರಕದ ಕಬ್ಬಿಣವೂ ನಿಲ್ಲುವುದಿಲ್ಲ. ಗಡ್ಡೆ ಕಟ್ಟದಂತೆ ತಡೆಯುವ ಗ್ಲೈಕಾಲ್ ದ್ರವ ಆಗಲೇ ಇತ್ತು, ಆದರೆ ಯುದ್ಧಭೂಮಿಯಲ್ಲಿ ಬೇಕೆಂದಾಗ ಸಿಗಬೇಕಲ್ವಾ?

ಅದೇ ಹಿಮದಲ್ಲಿ ಜರ್ಮನ್ ಸೇನೆಯ ಒಂದು ಪುಟ್ಟ ವಾಹನಕ್ಕೆ ಈ ಕಾಟವೇ ಇರಲಿಲ್ಲ. ಫೋಕ್ಸ್‌ವ್ಯಾಗನ್ ಕಾರ್ಖಾನೆಯ ಕ್ಯೂಬೆಲ್‌ವಾಗನ್ ಅದು. ಫರ್ಡಿನಾಂಡ್ ಪೋರ್ಷೆ ತಂಡದ ವಿನ್ಯಾಸ, ತೂಕ ಸುಮಾರು 725 ಕೆಜಿ, ಹಿಂಬದಿಯಲ್ಲಿ 985 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್. ರೇಡಿಯೇಟರ್ ಇಲ್ಲ, ನೀರಿನ ಪಂಪ್ ಇಲ್ಲ, ಹೋಸ್ ಪೈಪ್ ಇಲ್ಲ. ಗಾಳಿಯೇ ಎಂಜಿನ್ನನ್ನು ತಣ್ಣಗಿಡುತ್ತಿತ್ತು.

ಕೇಳಲು ಸುಲಭ, ಮಾಡಲು ಕಷ್ಟ. ಎಂಜಿನ್‌ನಲ್ಲಿ ಉರಿದ ಪೆಟ್ರೋಲ್‌ನ ಶಕ್ತಿಯಲ್ಲಿ ಬಹುಪಾಲು ಬಿಸಿಯಾಗಿಯೇ ಹೋಗುತ್ತದೆ. ಒಂದಷ್ಟು ಹೊಗೆಯ ಜೊತೆ ಹೊರಬೀಳುತ್ತದೆ, ಉಳಿದದ್ದನ್ನು ನಾವೇ ಹೊರಗೆ ಸಾಗಿಸಬೇಕು. ಆ ಕೆಲಸಕ್ಕೆ ನೀರಿನಷ್ಟು ಒಳ್ಳೆಯ ಕೂಲಿಯಾಳು ಸಿಗುವುದಿಲ್ಲ. ಒಂದು ಲೀಟರ್ ಗಾಳಿಗಿಂತ ಒಂದು ಲೀಟರ್ ನೀರು ಮೂರು ಸಾವಿರಕ್ಕೂ ಹೆಚ್ಚು ಪಟ್ಟು ಬಿಸಿಯನ್ನು ಹೊರಬಲ್ಲದು. ಗಾಳಿಯಿಂದ ಅದೇ ಕೆಲಸ ಮಾಡಿಸಬೇಕಾದರೆ ಎರಡು ದಾರಿಗಳಿವೆ. ಬಿಸಿ ಲೋಹದ ಮೈಯನ್ನು ಅಗಲಿಸಬೇಕು, ಗಾಳಿಯನ್ನು ಜಾಸ್ತಿ ನುಗ್ಗಿಸಬೇಕು. ಹಳೆಯ ಬೈಕ್‌ಗಳ ಸಿಲಿಂಡರ್ ಸುತ್ತ ಸಾಲು ಸಾಲಾಗಿ ತೆಳು ಪಟ್ಟಿಗಳು ಇರುತ್ತವಲ್ಲ, ಅವು ಇರುವುದು ಮೊದಲನೆಯದಕ್ಕೆ. ಆದರೆ ಬೈಕ್‌ಗೆ ಓಡುವಾಗ ಗಾಳಿ ತಾನಾಗಿ ಸಿಗುತ್ತದೆ. ಕೆಸರಿನಲ್ಲಿ ಮೊದಲ ಗೇರ್‌ನಲ್ಲಿ ತೆವಳುವ ಸೇನಾ ವಾಹನಕ್ಕೆ ಗಾಳಿ ಎಲ್ಲಿಂದ ಬರಬೇಕು? ಅದಕ್ಕೇ ಎಂಜಿನ್‌ಗೆ ಬೆಲ್ಟ್ ಹಾಕಿ ಒಂದು ಫ್ಯಾನ್ ತಿರುಗಿಸಿದರು. ಗಾಳಿ ಅತ್ತಿತ್ತ ಚದುರದೆ ನೇರವಾಗಿ ಸಿಲಿಂಡರ್‌ಗಳ ಮೇಲೇ ಹಾಯುವಂತೆ ತಗಡಿನ ಕವಚ ಹೊದಿಸಿದರು.

ನನಗೆ ತುಂಬ ಇಷ್ಟವಾಗುವ ಸಂಗತಿ ಇರುವುದು ಮರುಭೂಮಿಯಲ್ಲಿ. ಬಿಸಿ ಎಷ್ಟು ಬೇಗ ಹೊರಗೆ ಹೋಗುತ್ತದೆ ಎಂಬುದು ಎಂಜಿನ್‌ಗೂ ಹೊರಗಿನ ಗಾಳಿಗೂ ಇರುವ ಉಷ್ಣತೆಯ ಅಂತರವನ್ನು ನೆಚ್ಚಿಕೊಂಡಿದೆ. ರೇಡಿಯೇಟರ್ ನೀರು 100 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ಹೊರಗೆ 20 ಡಿಗ್ರಿ ಇದ್ದರೆ ಅಂತರ 80. ಅದೇ, ಜರ್ಮನ್ ಸೇನೆ ಕಾದಾಡಿದ ಲಿಬಿಯಾ ಮರುಭೂಮಿಯ 45 ಡಿಗ್ರಿ ಬಿಸಿಲಿನಲ್ಲಿ ಅದು 55ಕ್ಕೆ ಇಳಿಯುತ್ತದೆ, ಸುಮಾರು ಮೂರನೇ ಒಂದು ಭಾಗ ನಷ್ಟ. ಗಾಳಿಗೆ ಒಡ್ಡಿದ ಲೋಹ 200 ಡಿಗ್ರಿಯಲ್ಲಿದೆ ಎಂದಿಟ್ಟುಕೊಳ್ಳಿ. ಆಗ ಅಂತರ 180ರಿಂದ 155ಕ್ಕೆ ಇಳಿಯುತ್ತದೆ ಅಷ್ಟೆ. ಸೆಕೆ ಹೆಚ್ಚಿದಾಗ ನೀರಿನ ಎಂಜಿನ್‌ಗಿಂತ ಗಾಳಿ ಎಂಜಿನ್ ಕಡಿಮೆ ಬಳಲುತ್ತದೆ! ಜೊತೆಗೆ ನೀರೂ ಉಳಿಯುತ್ತಿತ್ತು. ಜರ್ಮನ್ ಪಡೆ ಪೆಟ್ರೋಲ್ ಮತ್ತು ಕುಡಿಯುವ ನೀರು ಎರಡನ್ನೂ ಒಂದೇ ಬಗೆಯ 20 ಲೀಟರ್ ಕ್ಯಾನ್‌ಗಳಲ್ಲಿ ಹೊರುತ್ತಿತ್ತು. ನೀರಿನದ್ದು ಎಂದು ತಿಳಿಯಲು ಬಿಳಿ ಗುರುತು ಬಳಿಯುತ್ತಿದ್ದರು. ರೇಡಿಯೇಟರ್‌ಗೆ ಸುರಿದ ಪ್ರತಿ ಲೀಟರ್ ಒಬ್ಬ ಸೈನಿಕನ ಬಾಯಿಂದ ಕಸಿದ ನೀರು.

ಹಾಗೆಂದು ಎಲ್ಲ ಕಷ್ಟವೂ ತೀರಲಿಲ್ಲ. ಚಳಿಗೆ ಎಂಜಿನ್ ಆಯಿಲ್ ಗಟ್ಟಿಯಾಗುತ್ತಿತ್ತು, ಬ್ಯಾಟರಿ ಸೋಲುತ್ತಿತ್ತು. ಫ್ಯಾನ್ ಎಂಜಿನ್‌ನ ಒಂದು ಪಾಲು ಶಕ್ತಿಯನ್ನು ತಾನೇ ತಿನ್ನುತ್ತದೆ. ಸದ್ದು ಅಡಗಿಸಲು ನೀರಿನ ಪದರವೂ ಇಲ್ಲ. ಅಮೆರಿಕದ ಜೀಪ್‌ನಲ್ಲಿ ಇದ್ದದ್ದು ನೀರಿನ ಎಂಜಿನ್, ಶಕ್ತಿಯಲ್ಲಿ ಅದು ಕ್ಯೂಬೆಲ್‌ವಾಗನ್‌ಗಿಂತ ಎರಡು ಪಟ್ಟಿಗೂ ಮಿಗಿಲು.

ಆಸ್ಟ್ರಿಯಾದ ಸ್ಟೈರ್ ಕಂಪನಿ 1941ರಿಂದ ಇದೇ ತತ್ವವನ್ನು ಸಣ್ಣ ಟ್ರಕ್‌ಗೆ ತಂದಿತು. ಹೆಸರು ಸ್ಟೈರ್ 1500. ಒಂದೂವರೆ ಟನ್ ಹೊರುವ ಗಾಡಿ, 3.5 ಲೀಟರ್‌ನ ವಿ8 ಎಂಜಿನ್, 85 ಅಶ್ವಶಕ್ತಿ, ನಾಲ್ಕೂ ಚಕ್ರಗಳಿಗೆ ಎಳೆತ. ರಷ್ಯಾದ ಕೆಸರಿಗಾಗಿ ಮಾಡಿದ ಪಟ್ಟಿಚಕ್ರದ ಟ್ರಾಕ್ಟರ್‌ಗೂ ಇದೇ ಎಂಜಿನ್ ಕೂರಿಸಿದರು. ಈ ಜಾಣ ಯಂತ್ರಗಳ ಬಗ್ಗೆ ಹೇಳುವಾಗ ಅವನ್ನು ಕಟ್ಟಿದ ಕೈಗಳನ್ನು ಬಿಟ್ಟುಬಿಡಲಾಗದು. ಯುದ್ಧಕಾಲದಲ್ಲಿ ಫೋಕ್ಸ್‌ವ್ಯಾಗನ್ ಕಾರ್ಖಾನೆಯಲ್ಲಿ ಸುಮಾರು 20,000 ಜನರಿಂದ ಬಲವಂತವಾಗಿ ದುಡಿಸಿಕೊಂಡರು. ಸ್ಟೈರ್ ಕಂಪನಿ ನಾಜಿ ಸೆರೆ ಶಿಬಿರದ ಕೈದಿಗಳನ್ನು ಬಳಸಿತು.

ಜರ್ಮನರು ಆಕ್ರಮಿಸಿದ್ದ ಚೆಕ್ ನಾಡಿನ ಟಾಟ್ರಾ ಕಾರ್ಖಾನೆ ಇನ್ನೂ ಮುಂದೆ ಹೋಯಿತು. 1942ರಲ್ಲಿ ಹೊರಬಂದ ಟಾಟ್ರಾ 111 ಭಾರದ ಟ್ರಕ್. ಹನ್ನೆರಡು ಸಿಲಿಂಡರ್‌ಗಳ ಡೀಸೆಲ್ ಎಂಜಿನ್, ಅದಕ್ಕೂ ಗಾಳಿಯದೇ ತಂಪು. ಯುದ್ಧ ಮುಗಿದ ಮೇಲೂ 1962ರವರೆಗೆ ಅದು ತಯಾರಾಗುತ್ತಿತ್ತು. ಅದೇ ವಂಶದ ಟ್ರಕ್‌ಗಳನ್ನು 1980ರ ದಶಕದಿಂದ ನಮ್ಮ ಬೆಂಗಳೂರಿನ ಬಿಇಎಂಎಲ್ ಭಾರತೀಯ ಸೇನೆಗೆ ಕಟ್ಟಿಕೊಡುತ್ತ ಬಂದಿದೆ. ಗಣರಾಜ್ಯೋತ್ಸವದ ಪರೇಡ್‌ನಲ್ಲಿ ಪಿನಾಕ ರಾಕೆಟ್‌ಗಳನ್ನು ಹೊತ್ತು ಬರುವ ಉದ್ದನೆಯ ಟಾಟ್ರಾ ಟ್ರಕ್ ನೋಡಿರುತ್ತೀರಿ.