ಬಿಸಿ ಗಾಳಿಯ ಲೆಕ್ಕ: ಹಳೆ ಟರ್ಬೋ ಜೀಪಿಗೆ ಇಂಟರ್‌ಕೂಲರ್ ಕೂರಿಸುವ ಮುಂಚೆ

ಕೊಲ್ಲೂರಿನಿಂದ ಕೊಡಚಾದ್ರಿಗೆ ಜನ ತುಂಬಿಕೊಂಡು ಹತ್ತುವ ಜೀಪುಗಳನ್ನು ನೋಡಿದ್ದೀರಲ್ಲ? ಅಂಥ ಏರು ಹತ್ತಿ ನಿಂತ ಟರ್ಬೋ ಗಾಡಿಯ ಬಾನೆಟ್ ಎತ್ತಿಸಿ ನೋಡಿ. ಟರ್ಬೋ ಅಂದರೆ ಎಕ್ಸಾಸ್ಟ್ ಹೊಗೆಯ ಬಲದಿಂದ ತಿರುಗಿ ಎಂಜಿನ್‌ಗೆ ಗಾಳಿಯನ್ನು ಒತ್ತಿ ಕೊಡುವ ಯಂತ್ರ. ಏರ್ ಫಿಲ್ಟರ್‌ನಿಂದ ಟರ್ಬೋಗೆ ಬರುವ ಪೈಪು ಕೈಯಲ್ಲಿ ಹಿಡಿಯುವಷ್ಟು ಬೆಚ್ಚಗಿರುತ್ತದೆ. ಟರ್ಬೋದಿಂದ ಮ್ಯಾನಿಫೋಲ್ಡ್‌ಗೆ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆಗೆ) ಹೋಗುವ ಪೈಪನ್ನು ಮಾತ್ರ ಮುಟ್ಟಬೇಡಿ, ಹತ್ತಿರ ಕೈ ತಂದರೇ ಬಿಸಿ ಗೊತ್ತಾಗುತ್ತದೆ. ಎರಡರಲ್ಲೂ ಹೋಗುವುದು ಒಂದೇ ಗಾಳಿ. ಮಧ್ಯದ ಒಂದು ಗೇಣು ಜಾಗದಲ್ಲಿ ಆ ಗಾಳಿಗೆ ಏನಾಯಿತು ಎನ್ನುವುದು ತಿಳಿದರೆ ಇಂಟರ್‌ಕೂಲರ್ ಅರ್ಧ ತಿಳಿದ ಹಾಗೆ. ಟರ್ಬೋದಿಂದ ಬಂದ ಬಿಸಿ ಗಾಳಿಯನ್ನು ಎಂಜಿನ್‌ಗೆ ಹೋಗುವ ಮುಂಚೆ ತಣಿಸುವ, ರೇಡಿಯೇಟರ್‌ನಂಥ ಜಾಲರಿಯೇ ಇಂಟರ್‌ಕೂಲರ್.

ಡಿಪ್ಲೊಮಾ, ಐಟಿಐ ಓದುತ್ತಾ ರಜೆಯಲ್ಲಿ ಗ್ಯಾರೇಜಿನಲ್ಲಿ ಕೆಲಸ ಕಲಿಯುವವರಿಗಾಗಿ ಇದನ್ನು ಬರೆದಿದ್ದೇನೆ. ನಾನೂ ಹಾಗೇ ಕಲಿಯುತ್ತಿರುವವನು. ಇಲ್ಲಿ ಹೇಳುವುದೆಲ್ಲ ಮೆಕ್ಯಾನಿಕಲ್ ಡೀಸೆಲ್ ಪಂಪಿನ ಹಳೆ ಗಾಡಿಗಳಿಗೆ. ಈಗಿನ ಬಿಎಸ್6 ಡೀಸೆಲ್ ಗಾಡಿಗಳಲ್ಲಿ ಇಂಟರ್‌ಕೂಲರ್ ಕಂಪನಿಯಿಂದಲೇ ಬರುತ್ತದೆ. ಅವುಗಳ ಗಾಳಿಯ ದಾರಿಗೆ ಕೈ ಹಾಕಬೇಡಿ.

ಗಾಳಿ ಎಷ್ಟು ಬಿಸಿಯಾಗುತ್ತದೆ?

ಸೈಕಲ್‌ಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುತ್ತದೆ. ಇಲ್ಲೂ ಆಗುವುದು ಅದೇ. ಎಕ್ಸಾಸ್ಟ್ ಹೊಗೆಯ ಬಿಸಿ ಟರ್ಬೋದ ಮೈ ದಾಟಿ ಬಂದು ಗಾಳಿಯನ್ನು ಕಾಯಿಸುತ್ತದೆ ಎಂದು ನಾನು ಮೊದಲು ಅಂದುಕೊಂಡಿದ್ದೆ. ಅದೂ ಸ್ವಲ್ಪ ಉಂಟು. ಆದರೆ ದೊಡ್ಡ ಪಾಲು ಗಾಳಿಯನ್ನು ಒತ್ತುವುದರಿಂದಲೇ ಬರುತ್ತದೆ.

ನಮ್ಮ ಊರಿನ ಲೆಕ್ಕವನ್ನೇ ಮಾಡೋಣ. ಮಂಗಳೂರಿನ ಏಪ್ರಿಲ್ ಸೆಕೆ, ಹೊರಗೆ 32 ಡಿಗ್ರಿ ಎಂದಿಟ್ಟುಕೊಳ್ಳಿ. 273 ಸೇರಿಸಿದರೆ 305 ಕೆಲ್ವಿನ್. ಟರ್ಬೋ ಬೂಸ್ಟ್, ಅಂದರೆ ಹೊರಗಿನ ಒತ್ತಡದ ಮೇಲೆ ಟರ್ಬೋ ಸೇರಿಸುವ ಒತ್ತಡ, 0.8 ಬಾರ್. ಹೊರಗಿನ ಗಾಳಿಯ ಒತ್ತಡ 1 ಬಾರ್, ಅಂದರೆ ಒಟ್ಟು 1.8 ಪಟ್ಟು. ಈ 1.8ನ್ನು 0.286ರ (ಗಾಳಿಯ ಗುಣದಿಂದ ಬರುವ ಅಂಕಿ) ಘಾತಕ್ಕೆ ಏರಿಸಿದರೆ 1.183 ಬರುತ್ತದೆ. 305ನ್ನು ಅದರಿಂದ ಗುಣಿಸಿದರೆ 361. ಬಿಸಿ ಏರಿದ್ದು 56 ಡಿಗ್ರಿ. ಇದು ಏನೂ ನಷ್ಟವಿಲ್ಲದ ಕಂಪ್ರೆಸರ್‌ನ (ಟರ್ಬೋದಲ್ಲಿ ಗಾಳಿ ಒತ್ತುವ ಭಾಗದ) ಲೆಕ್ಕ. ಅಂಥದ್ದು ಪುಸ್ತಕದಲ್ಲಿ ಮಾತ್ರ ಇರುತ್ತದೆ. ನಿಜವಾದ ಕಂಪ್ರೆಸರ್‌ನ ದಕ್ಷತೆ ಶೇ. 70 ಎಂದು ಹಿಡಿದರೆ, 56ನ್ನು 0.7ರಿಂದ ಭಾಗಿಸಬೇಕು. 80 ಡಿಗ್ರಿ ಆಯಿತು. 32ಕ್ಕೆ 80 ಸೇರಿಸಿ: 112 ಡಿಗ್ರಿ. ನೀರು ಕುದಿಯುವುದಕ್ಕಿಂತ ಜಾಸ್ತಿ ಬಿಸಿ!

ಬಿಸಿ ಗಾಳಿ ಹಿಗ್ಗುತ್ತದೆ. ಒತ್ತಡ ಶೇ. 80 ಜಾಸ್ತಿ ಆದರೂ ಸಿಲಿಂಡರ್‌ಗೆ ಸಿಗುವ ಗಾಳಿಯ ತೂಕ ಅಷ್ಟು ಏರುವುದಿಲ್ಲ. 112 ಡಿಗ್ರಿ ಅಂದರೆ 385 ಕೆಲ್ವಿನ್. 1.8ನ್ನು 305ರಿಂದ ಗುಣಿಸಿ 385ರಿಂದ ಭಾಗಿಸಿದರೆ 1.43, ಅಂದರೆ ಏರುವುದು ಸುಮಾರು ಶೇ. 43 ಅಷ್ಟೇ. ಉಳಿದದ್ದನ್ನು ಬಿಸಿ ನುಂಗಿತು.

ಈಗ ಮಧ್ಯದಲ್ಲಿ ಒಂದು ಇಂಟರ್‌ಕೂಲರ್ ಇಡಿ. ಒಳಗೆ ಬರುವ ಗಾಳಿಗೂ ಹೊರಗಿನ ಗಾಳಿಗೂ ಇರುವ 80 ಡಿಗ್ರಿ ಅಂತರದಲ್ಲಿ ಶೇ. 70ನ್ನು ಅದು ಇಳಿಸುತ್ತದೆ ಎಂದುಕೊಳ್ಳಿ. 56 ಡಿಗ್ರಿ ಇಳಿದು ಗಾಳಿ 56 ಡಿಗ್ರಿಗೆ ಬಂತು. ಜಾಲರಿ ದಾಟುವಾಗ 0.05 ಬಾರ್ ಒತ್ತಡ ಹೋಯಿತು ಎಂದೂ ಸೇರಿಸಿ. ಆಗ ಗಾಳಿಯ ತೂಕ ಹೊರಗಿನದಕ್ಕಿಂತ ಶೇ. 62 ಜಾಸ್ತಿ. ಇಂಟರ್‌ಕೂಲರ್ ಇಲ್ಲದ ಸ್ಥಿತಿಗೆ ಹೋಲಿಸಿದರೆ ಸುಮಾರು ಶೇ. 14 ಹೆಚ್ಚು ಗಾಳಿ. ಈ 14ನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ.

ಡೀಸೆಲ್‌ಗೆ ಇದರಿಂದ ಏನು ಸಿಗುತ್ತದೆ?

ಇಲ್ಲಿ ಒಂದು ತಪ್ಪು ತಿಳಿವಳಿಕೆ ಗಟ್ಟಿಯಾಗಿ ಕೂತಿದೆ. ಡೀಸೆಲ್ ಎಂಜಿನ್‌ಗೆ ಗಾಳಿ ಜಾಸ್ತಿ ಕೊಟ್ಟ ಮಾತ್ರಕ್ಕೆ ಶಕ್ತಿ ಬರುವುದಿಲ್ಲ. ಅಲ್ಲಿ ಶಕ್ತಿಯನ್ನು ತೀರ್ಮಾನಿಸುವುದು ಪಂಪು ಕೊಡುವ ಡೀಸೆಲ್. ಮೊದಲು ಗಾಳಿ ಸಾಲದೆ ಕಪ್ಪು ಹೊಗೆ ಬರುತ್ತಿದ್ದರೆ, ಅದೇ ಡೀಸೆಲ್ ಈಗ ಚೆನ್ನಾಗಿ ಉರಿದು ಎಳೆತ ಸ್ವಲ್ಪ ಏರುತ್ತದೆ. ಹೊಗೆ ಇಲ್ಲದ ಗಾಡಿಯಲ್ಲಿ ಎಳೆತದ ವ್ಯತ್ಯಾಸ ಗೊತ್ತಾಗುವುದೇ ಕಷ್ಟ. ಅಲ್ಲಿ ಸಿಗುವ ಲಾಭ ಎಕ್ಸಾಸ್ಟ್‌ನ ಬಿಸಿ ಇಳಿಯುವುದು. ಉದ್ದದ ಏರಿನಲ್ಲಿ ಭಾರ ಹೊತ್ತು ಹತ್ತುವ ಗಾಡಿಗೆ ಇದು ಸಣ್ಣ ಲಾಭವಲ್ಲ. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಗೆ. ಭಾರ ಎಳೆಯುವಾಗ ಟರ್ಬೋಗೆ ಮುಂಚೆ ಎಕ್ಸಾಸ್ಟ್ ಬಿಸಿ 700ರ ಆಸುಪಾಸಿಗೆ ಬರುತ್ತದೆ. ಪಿಸ್ಟನ್ ಉಳಿಯುವುದು ಆ ಉರಿ ಕ್ಷಣಕ್ಷಣ ಬಂದು ಹೋಗುವುದರಿಂದ, ಮತ್ತು ಎಣ್ಣೆ, ಸಿಲಿಂಡರ್ ಗೋಡೆ ಬಿಸಿಯನ್ನು ಎಳೆದುಕೊಳ್ಳುವುದರಿಂದ.

ಇಂಟರ್‌ಕೂಲರ್ ಕೂರಿಸಿದ ಮರುದಿನವೇ ಪಂಪಿನ ಸ್ಕ್ರೂ ತಿರುಗಿಸಿ ಡೀಸೆಲ್ ಏರಿಸುವವರಿದ್ದಾರೆ. ಇಳಿಸಿದ ಬಿಸಿಯನ್ನು ಹಾಗೇ ವಾಪಸ್ ತಂದುಕೊಂಡ ಹಾಗಾಯಿತು. ಮಾಡಲೇಬೇಕೆಂದರೆ ಎಕ್ಸಾಸ್ಟ್ ಬಿಸಿ ಅಳೆಯುವ ಗೇಜು ಇಟ್ಟ ಮೇಲೆ ಮಾಡಿ.

ಹೆಸರಿನ ಅಕ್ಷರಗಳನ್ನು ಓದಲು ಕಲಿಯಿರಿ. ಟಿಸಿ ಅಂದರೆ ಟರ್ಬೋ ಮಾತ್ರ. ಟಿಸಿಐಸಿ ಅಂದರೆ ಟರ್ಬೋ ಮತ್ತು ಇಂಟರ್‌ಕೂಲರ್. ಟಾಟಾ ಲಾರಿಗಳ 697 ಎಂಜಿನ್ ಎರಡೂ ರೂಪದಲ್ಲಿ ಬಂದಿದೆ. 2010ರಲ್ಲಿ ಬಂದ ಮಹೀಂದ್ರಾ ಥಾರ್‌ನಲ್ಲಿ ಎರಡು ಡೀಸೆಲ್ ಎಂಜಿನ್ ಇದ್ದವು. ಡಿಐಗೆ 63 ಅಶ್ವಶಕ್ತಿ, ಕಾಮನ್ ರೈಲ್‌ನ (ಎಲ್ಲ ನಾಝಲ್‌ಗೂ ಒಂದೇ ಪೈಪಿನಿಂದ ಜೋರು ಒತ್ತಡದ ಡೀಸೆಲ್ ಹೋಗುವ) ಸಿಆರ್‌ಡಿಇಗೆ 105. ಎರಡೂ ಸುಮಾರು 2.5 ಲೀಟರ್‌ನವೇ, ಎರಡಕ್ಕೂ ಟರ್ಬೋ ಉಂಟು. ಇಂಟರ್‌ಕೂಲರ್ ಇದ್ದದ್ದು ಸಿಆರ್‌ಡಿಇಗೆ. ಇದನ್ನು ಓದಿ ‘ಇಂಟರ್‌ಕೂಲರ್ ಹಾಕಿದರೆ 42 ಅಶ್ವಶಕ್ತಿ ಸಿಗುತ್ತದೆ’ ಎಂದು ಲೆಕ್ಕ ಹಾಕಬೇಡಿ. ಕಾಮನ್ ರೈಲ್‌ನ ಪಂಪು, ನಾಝಲ್, ಎಂಜಿನ್‌ನ ವಿನ್ಯಾಸ ಎಲ್ಲವೂ ಬೇರೆ.

ಎಲ್ಲಿ ಕೂರಿಸುವುದು?

ನನಗೆ ಹೆಚ್ಚು ಹೇಳಬೇಕಾಗಿರುವುದು ಇದನ್ನೇ. ಹೈವೇ ಕಾರಿಗೆ ಸರಿಹೋಗುವ ಜಾಗ ಕಾಡುದಾರಿಯ ಜೀಪಿಗೆ ಸರಿಹೋಗಬೇಕೆಂದಿಲ್ಲ.

ಎಂಜಿನ್ ತಲೆಯ ಮೇಲೆ ಕೂರಿಸಿ, ಬಾನೆಟ್ ಕತ್ತರಿಸಿ ಗಾಳಿ ಬಾಯಿ ಇಡುವುದು ಒಂದು ದಾರಿ. ಪೈಪು ಗಿಡ್ಡ, ಕೆಲಸ ಸುಲಭ, ನೋಡಲೂ ಚೆಂದ. ಆದರೆ ಆ ಬಾಯಿಗೆ ಗಾಳಿ ತುಂಬುವುದು ಗಾಡಿಯ ವೇಗ. ಗಂಟೆಗೆ 80 ಕಿಲೋಮೀಟರ್ ಅಂದರೆ ಸೆಕೆಂಡಿಗೆ 22 ಮೀಟರ್ ಗಾಳಿ. 10ರಲ್ಲಿ ತೆವಳುವಾಗ 3 ಮೀಟರೂ ಇಲ್ಲ. ಅದರ ಮೇಲೆ ಕೆಳಗಿಂದ ಎಂಜಿನ್ನಿನ ಬಿಸಿ. ಏರಿನಲ್ಲಿ ಬೇಕಾದ ಹೊತ್ತಿಗೆ ಅದು ತಣ್ಣಗೆ ಮಾಡುವ ಬದಲು ತಾನೇ ಕಾದು ಕೂತಿರುತ್ತದೆ. ಅಲ್ಲಿ ಇಡುವುದಾದರೆ ಕರೆಂಟ್ ಫ್ಯಾನ್ ಇಲ್ಲದೆ ಪ್ರಯೋಜನವಿಲ್ಲ.

ಮುಂದೆ, ರೇಡಿಯೇಟರ್‌ನ ಎದುರು ಕೂರಿಸುವುದು ಎರಡನೇ ದಾರಿ. ಲೋ ಗೇರಿನಲ್ಲಿ ಗಾಡಿ ನಿಧಾನ, ಎಂಜಿನ್ ನಿಧಾನವಲ್ಲ. ನಿಮಿಷಕ್ಕೆ 2000, 2500 ಸುತ್ತಿನಲ್ಲಿ ತಿರುಗುತ್ತಿರುತ್ತದೆ. ಬೆಲ್ಟಿನ ಫ್ಯಾನೂ ಜೊತೆಗೇ ತಿರುಗುತ್ತದೆ. ಹಾಗಾಗಿ ಗಾಡಿ ತೆವಳಿದರೂ ಫ್ಯಾನ್ ಎಳೆಯುವ ಗಾಳಿ ಇದ್ದೇ ಇರುತ್ತದೆ. ಇಂಟರ್‌ಕೂಲರ್ ಆ ಗಾಳಿಯ ದಾರಿಯಲ್ಲೇ ಇರಬೇಕು. ಬಂಪರ್ ಹಿಂದೆ ಕೆಳಗೆ, ಫ್ಯಾನ್ ತಲುಪದ ಮೂಲೆಯಲ್ಲಿ ಇಟ್ಟರೆ ಈ ಲಾಭ ಸಿಗುವುದಿಲ್ಲ. ಫ್ಯಾನಿನ ಸುತ್ತಲಿನ ಶ್ರೌಡ್ (ಗಾಳಿಗೆ ದಾರಿ ಮಾಡುವ ಹೊದಿಕೆ) ಒಡೆದಿದ್ದರೆ ಮೊದಲು ಅದನ್ನು ಸರಿಮಾಡಿಸಿ. ಪಕ್ಕದ ಸಂದುಗಳನ್ನು ರಬ್ಬರ್ ಶೀಟಿನಿಂದ ಮುಚ್ಚಿ. ಇಲ್ಲದಿದ್ದರೆ ಗಾಳಿ ಜಾಲರಿ ಬಿಟ್ಟು ಸುತ್ತಲಿನ ಸಂದಿನಿಂದ ಹೋಗುತ್ತದೆ.

ಇದಕ್ಕೆ ತೆರಬೇಕಾದ ಬೆಲೆ ರೇಡಿಯೇಟರ್‌ಗೆ ಬೀಳುವ ಬಿಸಿ. ಎಷ್ಟು? 2.5 ಲೀಟರ್ ಎಂಜಿನ್ 2500 ಸುತ್ತಿನಲ್ಲಿ, ನಮ್ಮ ಮೇಲಿನ ಲೆಕ್ಕದ ಸ್ಥಿತಿಯಲ್ಲಿ, ಸೆಕೆಂಡಿಗೆ ಸುಮಾರು 0.083 ಕಿಲೋ ಗಾಳಿ ಎಳೆಯುತ್ತದೆ. ಅದನ್ನು 56 ಡಿಗ್ರಿ ತಣಿಸಿದರೆ ಹೊರಬರುವ ಬಿಸಿ ನಾಲ್ಕೂವರೆ ಕಿಲೋವಾಟ್‌ಗಿಂತ ಸ್ವಲ್ಪ ಜಾಸ್ತಿ. ಬಚ್ಚಲುಮನೆಯ ಎರಡು ಗೀಸರ್‌ಗಳನ್ನು ರೇಡಿಯೇಟರ್ ಮುಂದೆ ಹಚ್ಚಿಟ್ಟ ಹಾಗೆ. ಘಾಟಿಯಲ್ಲಿ ಮೊದಲೇ ನೀರು ಕಾಯಿಸುತ್ತಿದ್ದ ಗಾಡಿಗೆ ಇಂಟರ್‌ಕೂಲರ್ ಹಾಕಬೇಡಿ. ರೇಡಿಯೇಟರ್ ತೊಳೆಸಿ, ಫ್ಯಾನ್ ನೋಡಿಸಿ, ಆಮೇಲೆ ಯೋಚಿಸಿ.

ನೀರಿನಿಂದ ತಣಿಸುವ ಮೂರನೇ ದಾರಿಯೂ ಉಂಟು. ಬೋಟುಗಳಲ್ಲಿ ದೊಡ್ಡ ಟರ್ಬೋ ಎಂಜಿನ್‌ಗಳಿಗೆ ಸಮುದ್ರದ ನೀರಿನಿಂದಲೇ ಗಾಳಿ ತಣಿಸುವುದು ರೂಢಿ. ಮಲ್ಪೆಯಲ್ಲಿ ಬೋಟಿನ ಕೆಲಸ ಮಾಡುವ ಮೇಸ್ತ್ರಿ ಪರಿಚಯ ಇದ್ದರೆ ಒಮ್ಮೆ ಕೇಳಿ ನೋಡಿ. ಬೋಟಿಗೆ ಸುತ್ತಲೂ ನೀರೇ. ಜೀಪಿಗಾದರೆ ಬೇರೆ ಪಂಪು, ಬೇರೆ ಟ್ಯಾಂಕು, ಮುಂದೆ ಇನ್ನೊಂದು ಸಣ್ಣ ರೇಡಿಯೇಟರ್ ಬೇಕು. ಕಾಡಿನಲ್ಲಿ ಕೆಡುವ ವಸ್ತುಗಳ ಸಂಖ್ಯೆ ಜಾಸ್ತಿ. ನಾನು ಆರಿಸುವುದಿಲ್ಲ.

ಗುಜರಿಯಿಂದ ತಂದದ್ದಾದರೆ

ಹೊಸ ಇಂಟರ್‌ಕೂಲರ್‌ಗೆ ದುಡ್ಡು ಸಾಲದೆ ನಾವೆಲ್ಲ ಗುಜರಿಗೆ ಹೋಗುತ್ತೇವೆ. ತಪ್ಪೇನಿಲ್ಲ. ಆದರೆ ಈ ಒಂದು ವಿಷಯವನ್ನು ದಯವಿಟ್ಟು ಗಮನವಿಟ್ಟು ಓದಿ. ಆ ಇಂಟರ್‌ಕೂಲರ್ ಬಂದ ಗಾಡಿಯ ಟರ್ಬೋ ಹೋಗಿದ್ದಿರಬಹುದು. ಹಾಗಿದ್ದರೆ ಒಳಗೆ ಎಂಜಿನ್ ಆಯಿಲ್ ತುಂಬಿರುತ್ತದೆ. ಡೀಸೆಲ್ ಎಂಜಿನ್ ಆ ಎಣ್ಣೆಯನ್ನು ಎಳೆದುಕೊಂಡರೆ ಅದನ್ನೇ ಇಂಧನ ಮಾಡಿಕೊಂಡು ಓಡುತ್ತದೆ. ಚಾವಿ ತಿರುಗಿಸಿದರೂ ನಿಲ್ಲುವುದಿಲ್ಲ. ಸುತ್ತು ಏರುತ್ತಾ ಹೋಗಿ ಎಂಜಿನ್ ಒಡೆಯಬಹುದು. ಸೀಮೆಎಣ್ಣೆ ಅಥವಾ ಡೀಸೆಲ್ ಹಾಕಿ ತೊಳೆದು, ಪೂರ್ತಿ ಒಣಗಿಸದೆ ಜೋಡಿಸಿದರೂ ಅದೇ ಅಪಾಯ. ತೊಳೆದ ಮೇಲೆ ತಲೆಕೆಳಗಾಗಿ ಸೋರಲು ಬಿಡಿ, ಕಂಪ್ರೆಸರ್ ಗಾಳಿ ಹೊಡೆಯಿರಿ, ಒಂದು ದಿನ ಬಿಸಿಲಲ್ಲಿಡಿ. ಒಳಗೆ ಬಿಳಿ ಬಟ್ಟೆ ತುರುಕಿ ಒರೆಸಿ ನೋಡಿ. ಲೋಹದ ಪುಡಿ ಸಿಕ್ಕಿದರೆ ಆ ಮಾಲನ್ನು ಬಿಟ್ಟುಬಿಡಿ. ಪೂರ್ತಿ ತೆಗೆಯಲು ಆಗುವುದಿಲ್ಲ.

ಸೋರಿಕೆ ನೋಡಲು ಪಂಕ್ಚರ್ ಅಂಗಡಿಯ ನೀರಿನ ತೊಟ್ಟಿ ಸಾಕು. ಎರಡೂ ಬಾಯಿ ಮುಚ್ಚಿ, 1 ಬಾರ್ ಗಾಳಿ ಕೊಟ್ಟು ಮುಳುಗಿಸಿ. ಮುಚ್ಚಿದ ಬಾಯಿಯ ಎದುರು ಮುಖ ಇಡಬೇಡಿ.

ಕರಾವಳಿಯಲ್ಲಿ ಇನ್ನೊಂದು ಶತ್ರು ಉಪ್ಪುಗಾಳಿ. ಅಲ್ಯೂಮಿನಿಯಂ ಜಾಲರಿಯನ್ನು ಕಬ್ಬಿಣದ ಬ್ರಾಕೆಟ್‌ಗೆ ನೇರ ಬೋಲ್ಟ್ ಮಾಡಿದರೆ ಎರಡು ಲೋಹ ಸೇರುವಲ್ಲಿ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ತಿಂದುಹೋಗುತ್ತದೆ. ಮಧ್ಯೆ ರಬ್ಬರ್ ಬುಷ್ ಕೊಡಿ. ಅಲುಗಾಟವನ್ನೂ ಅದು ತಡೆಯುತ್ತದೆ.

ಪೈಪು, ಹೋಸ್, ಕ್ಲ್ಯಾಂಪು

ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುವಾಗ ನಾನು ಜೋಡಿಸಿದ ಪೈಪು ಮೂರನೇ ತಿರುವಿನಲ್ಲಿ ಕಳಚಿಕೊಂಡಿತು. ಟಪ್ ಎಂದು ಶಬ್ದ, ಹಿಂದೆ ಕಪ್ಪು ಹೊಗೆ, ಎಳೆತವೇ ಇಲ್ಲ. ಇನ್ನೂ ಹನ್ನೊಂದು ತಿರುವು ಬಾಕಿ. ಹೋಸ್ ಚೆನ್ನಾಗಿತ್ತು, ಕ್ಲ್ಯಾಂಪೂ ಬಿಗಿಯಾಗಿತ್ತು. ಪೈಪಿನ ತುದಿ ಮಾತ್ರ ನುಣ್ಣಗಿತ್ತು. ತುದಿಯ ಸುತ್ತ ಉಬ್ಬಿದ ಒಂದು ಗೆರೆ ಇದ್ದಿದ್ದರೆ ಹೋಸ್ ಜಾರುತ್ತಿರಲಿಲ್ಲ. ಆಮೇಲೆ ಆರ್ಗಾನ್ ವೆಲ್ಡಿಂಗ್‌ನಲ್ಲಿ ಸುತ್ತಲೂ ಒಂದು ಬೀಡ್ ಎಳೆಸಿದೆ. ಅಲ್ಲಿಂದ ಕಳಚಿಲ್ಲ.

ಎಂಜಿನ್ ತನ್ನ ಮೌಂಟಿಂಗ್ ಮೇಲೆ ಅಲ್ಲಾಡುತ್ತದೆ, ಇಂಟರ್‌ಕೂಲರ್ ಬಾಡಿಗೆ ಕಚ್ಚಿಕೊಂಡಿರುತ್ತದೆ. ಹಾಗಾಗಿ ಎರಡೂ ಬದಿಗೆ ಬಾಗುವ ಹೋಸ್ ಬೇಕೇ ಬೇಕು. ರೇಡಿಯೇಟರ್ ಹೋಸ್ ಇಲ್ಲಿಗೆ ಬೇಡ, ಬಿಸಿಗೂ ಎಣ್ಣೆಯ ಪಸೆಗೂ ಅದು ಉಬ್ಬಿ ಮೆತ್ತಗಾಗುತ್ತದೆ. ಪದರ ಪದರವಾಗಿ ಕಟ್ಟಿದ ಸಿಲಿಕೋನ್ ಹೋಸ್ ಹಾಕಿ.

ಕೆಳಗಿನ ಜೋಡಣೆಗಳ ಬಗ್ಗೆ ಮಳೆಗಾಲದಲ್ಲಿ ಹೆಚ್ಚು ಎಚ್ಚರ ಬೇಕು. ಬೂಸ್ಟ್ ಇರುವಾಗ ಸಡಿಲ ಜಾಗದಿಂದ ಗಾಳಿ ಹೊರಗೆ ಹೋಗುತ್ತದೆ. ಆದರೆ ತೋಡು ದಾಟುವಾಗ ಎಂಜಿನ್ ನಿಧಾನವಾಗಿ, ಬೂಸ್ಟ್ ಇಲ್ಲದೆ ಓಡುತ್ತಿದ್ದರೆ ಅದೇ ಜಾಗದಿಂದ ನೀರನ್ನು ಎಳೆದುಕೊಳ್ಳಬಹುದು. ನೀರು ಒತ್ತಿದರೆ ಕುಗ್ಗುವುದಿಲ್ಲ, ಬಗ್ಗುವುದು ಕನೆಕ್ಟಿಂಗ್ ರಾಡ್. ಸ್ನಾರ್ಕೆಲ್ (ನೀರಿನ ಮೇಲಿಂದ ಗಾಳಿ ಎಳೆಯುವ ಪೈಪು) ಎತ್ತರಕ್ಕೆ ಇಟ್ಟು ಕೆಳಗೆ ಕ್ಲ್ಯಾಂಪ್ ಸಡಿಲ ಬಿಟ್ಟರೆ ಸ್ನಾರ್ಕೆಲ್ ಇದ್ದೂ ಉಪಯೋಗವಿಲ್ಲ. ಕೆಸರಿನಲ್ಲಿ ಓಡಿಸಿ ಬಂದ ಮೇಲೆ ಜಾಲರಿಯನ್ನು ಹಿಂದಿನಿಂದ ಮುಂದಕ್ಕೆ, ಸಣ್ಣ ಒತ್ತಡದ ನೀರಿನಿಂದ ತೊಳೆಯಿರಿ. ಜೋರಾಗಿ ಹೊಡೆದರೆ ಫಿನ್‌ಗಳು ಮಡಚಿಕೊಳ್ಳುತ್ತವೆ.

ಕಾಗದದ ವಿಷಯವನ್ನೂ ಮರೆಯಬೇಡಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯ ಮಾರ್ಪಾಡಿನ ಬಗ್ಗೆ ಹೇಳುತ್ತದೆ. ಬಾನೆಟ್‌ಗೆ ಕಟರ್ ಇಡುವ ಮೊದಲು ಆರ್‌ಟಿಒದಲ್ಲೂ ಇನ್ಶೂರೆನ್ಸ್‌ನವರಲ್ಲೂ ಕೇಳಿಕೊಳ್ಳಿ.

ಕೂರಿಸಿದ ಮೇಲೆ ಅಳೆಯುವುದು

ಕೆಲಸ ಮುಗಿಸಿ ಕೊಟ್ಟ ಮೊದಲ ಗಾಡಿಯ ಯಜಮಾನರು ಮರುದಿನವೇ ಬಂದರು. “ಎಂತ ಮಾರಾಯ, ಬೂಸ್ಟ್ ಮೊದಲಿಗಿಂತ ಕಮ್ಮಿ ತೋರಿಸ್ತದಲ್ಲ?” ನಾನು ಗಾಬರಿಯಿಂದ ಎಲ್ಲ ಕ್ಲ್ಯಾಂಪಿಗೂ ಸೋಪು ನೀರು ಹಚ್ಚಿದೆ. ಎಲ್ಲೂ ಗುಳ್ಳೆ ಬರಲಿಲ್ಲ. ನಮ್ಮ ಮೇಸ್ತ್ರಿ ಆಮೇಲೆ ಬಿಡಿಸಿ ಹೇಳಿದರು: “ಗಾಳಿ ತಣ್ಣಗಾದರೆ ಕುಗ್ತದೆ, ಕುಗ್ಗಿದ್ದನ್ನು ಎಂಜಿನ್ ಬೇಗ ನುಂಗ್ತದೆ. ಎಕ್ಸಾಸ್ಟ್ ಬಿಸಿ ಇಳಿದರೆ ಟರ್ಬೋಗೆ ಸಿಗುವ ತಳ್ಳುವಿಕೆಯೂ ಸ್ವಲ್ಪ ಕಮ್ಮಿ. ಗೇಜು ಇಳಿಯದೆ ಇನ್ನೇನು?” ಸ್ವಲ್ಪ ಇಳಿಯುವುದು ಸಹಜ. ತುಂಬಾ ಇಳಿದು ಹೊಗೆಯೂ ಬಂದರೆ ಮಾತ್ರ ಸೋರಿಕೆ ಹುಡುಕಿ.

ಬೂಸ್ಟ್ ಗೇಜು ಇಂಟರ್‌ಕೂಲರ್‌ನ ಕೆಲಸವನ್ನು ಅಳೆಯುವುದಿಲ್ಲ. ಅದಕ್ಕೆ ಒಳಬಾಯಿಗೆ ಒಂದು, ಹೊರಬಾಯಿಗೆ ಒಂದು ಉಷ್ಣಾಂಶದ ಸೆನ್ಸರ್ ಬೇಕು. ಒಳಬಾಯಿಯಿಂದ ಹೊರಬಾಯಿಗೆ ಎಷ್ಟು ಇಳಿಯಿತೋ ಅದನ್ನು, ಒಳಬಾಯಿಗೂ ಹೊರಗಿನ ಗಾಳಿಗೂ ಇರುವ ಅಂತರದಿಂದ ಭಾಗಿಸಿ. ಅದೇ ನಿಮ್ಮ ಇಂಟರ್‌ಕೂಲರ್‌ನ ಅಂಕ. ಸಮತಟ್ಟು ರಸ್ತೆಯಲ್ಲಿ ಒಮ್ಮೆ, ಏರಿನಲ್ಲಿ ಅದೇ ಗೇರು, ಅದೇ ಭಾರದಲ್ಲಿ ಇನ್ನೊಮ್ಮೆ ಅಳೆಯಿರಿ. ಏರಿನಲ್ಲಿ ಅಂಕ ತುಂಬಾ ಬಿದ್ದರೆ ದೋಷ ಹೆಚ್ಚಾಗಿ ಫ್ಯಾನ್, ಶ್ರೌಡ್ ಅಥವಾ ಕೂರಿಸಿದ ಜಾಗದಲ್ಲಿರುತ್ತದೆ.

ನಿಮಗೊಂದು ಲೆಕ್ಕ

ಹೊರಗೆ 34 ಡಿಗ್ರಿ, ಬೂಸ್ಟ್ 0.5 ಬಾರ್, ಕಂಪ್ರೆಸರ್ ದಕ್ಷತೆ ಶೇ. 70, ಇಂಟರ್‌ಕೂಲರ್ ಅಂಕ ಶೇ. 70, ಒತ್ತಡದ ನಷ್ಟ 0.04 ಬಾರ್. ಮೇಲಿನ ಹಾಗೆಯೇ ಮಾಡಿ. ಟರ್ಬೋದಿಂದ ಹೊರಬರುವ ಗಾಳಿ ಸುಮಾರು 88 ಡಿಗ್ರಿ, ಇಂಟರ್‌ಕೂಲರ್ ದಾಟಿದ ಮೇಲೆ ಸುಮಾರು 50 ಬರಬೇಕು. ಹೆಚ್ಚು ಸಿಗುವ ಗಾಳಿ ಶೇ. 9ರ ಹತ್ತಿರ. ಮೊದಲಿನ ಲೆಕ್ಕದಲ್ಲಿ ಇದು 14 ಇತ್ತು. ಸಣ್ಣ ಬೂಸ್ಟಿನ ಹಳೆ ಜೀಪನ್ನು ಯಾರಾದರೂ ತಂದು ನಿಲ್ಲಿಸಿದರೆ, ಕೆಲಸ ಒಪ್ಪಿಕೊಳ್ಳುವ ಮುಂಚೆ ಈ ಎರಡು ಅಂಕಿಗಳನ್ನು ಅವರಿಗೂ ತೋರಿಸಿ.