‘ಹೊಣೆ’: ಫಲಕ ಬರೆಸಿದವರ ಅರ್ಥ ಮತ್ತು ಕಾನೂನಿನ ಅರ್ಥ

ಕಾರವಾರದಿಂದ ಭಟ್ಕಳದವರೆಗಿನ ಹೆದ್ದಾರಿ ಬದಿಯ ಹೋಟೆಲುಗಳಲ್ಲಿ, ಶಿರಸಿ ಪೇಟೆಯ ಲಾಡ್ಜುಗಳಲ್ಲಿ, ಗೋಕರ್ಣದ ಕಡಲದಂಡೆಯ ರೆಸಾರ್ಟುಗಳಲ್ಲಿ ಒಂದೇ ಅಚ್ಚಿನಲ್ಲಿ ತೆಗೆದಂತಹ ಫಲಕ ಕಾಣುತ್ತದೆ: ‘ವಾಹನ ಮತ್ತು ಬೆಲೆಬಾಳುವ ವಸ್ತುಗಳಿಗೆ ಮಾಲೀಕರೇ ಹೊಣೆ’. ಈಗೀಗ ಹೋಮ್‌ಸ್ಟೇಗಳಲ್ಲಿ ‘ಯಾವುದೇ ಅವಘಡಕ್ಕೆ ಆಡಳಿತ ಮಂಡಳಿ ಹೊಣೆಯಲ್ಲ’ ಎಂಬ ಮುದ್ರಿತ ಸಾಲಿನ ಕೆಳಗೆ, ಹೆಸರು ಬರೆಸಿಕೊಳ್ಳುವಾಗಲೇ, ಅತಿಥಿಯ ಸಹಿಯನ್ನೂ ಹಾಕಿಸಿಕೊಳ್ಳುತ್ತಾರೆ. ಇಷ್ಟು ಬರೆದರೆ ಹೊಣೆ ಕಳೆಯಿತೆಂದು ಬರೆಸಿದವರು ನಂಬಿದ್ದಾರೆ. ಓದಿದವರು ಇನ್ನೂ ಹೆಚ್ಚಾಗಿ ನಂಬಿದ್ದಾರೆ. ಸಾಮಾನು ಕಳೆದುಕೊಂಡವರು, ಬಿದ್ದು ಕೈಕಾಲು ಮುರಿದುಕೊಂಡವರು ‘ಬೋರ್ಡಿನಲ್ಲೇ ಬರೆದಿದ್ದರಲ್ಲ’ ಎಂದು ದೂರು ಕೊಡದೆ ಮನೆಗೆ ಹೋಗುತ್ತಾರೆ. ಆದ್ದರಿಂದ ಈ ಪದವನ್ನು ಒಮ್ಮೆ ಸರಿಯಾಗಿ ಬಿಡಿಸಿ ನೋಡುವ ಅಗತ್ಯವಿದೆ.

ಮೊದಲು ಆ ಫಲಕದ ಕನ್ನಡವನ್ನೇ ನೋಡಬೇಕು. ‘ಮಾಲೀಕರೇ ಹೊಣೆ’ ಎಂದರೆ ಯಾವ ಮಾಲೀಕರು? ವಾಹನದ ಮಾಲೀಕರೋ, ಹೋಟೆಲಿನ ಮಾಲೀಕರೋ? ಹೋಟೆಲಿನ ಗೋಡೆಯ ಮೇಲೆ ‘ಮಾಲೀಕರು’ ಎಂದು ಬರೆದಿದ್ದರೆ ಹೊಸಬರಿಗೆ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತವರೇ ನೆನಪಾಗುವುದು ಸಹಜ. ಎರಡು ಅರ್ಥಕ್ಕೆ ಎಡೆಕೊಡುವ ಷರತ್ತನ್ನು ಅದನ್ನು ಬರೆದವರಿಗೆ ವಿರುದ್ಧವಾಗಿಯೇ ಓದಬೇಕೆಂಬುದು ಕರಾರು ಕಾನೂನಿನ ಹಳೆಯ ನಿಯಮ. ತನ್ನನ್ನು ಉಳಿಸಲೆಂದು ಬರೆಸಿದ ವಾಕ್ಯದಲ್ಲಿ ಮಾಲೀಕ ಸ್ವತಃ ಸಿಕ್ಕಿಕೊಳ್ಳಬಹುದು ಎಂಬುದು ಈ ಫಲಕಗಳನ್ನು ಸಾಲಾಗಿ ಬರೆದುಕೊಡುವ ಅಂಗಡಿಗಳಿಗೂ ಹೊಳೆದಂತಿಲ್ಲ.

‘ಹೊಣೆ’ ಅಚ್ಚಗನ್ನಡದ ಪದ. ಹಳಗನ್ನಡದಲ್ಲಿ ಅದು ‘ಪೊಣೆ’. ಪಾಲ್ ಹಾಲಾದ ದಾರಿಯಲ್ಲೇ ಪೊಣೆ ಹೊಣೆಯಾಗಿದೆ. ಅದರ ಮೊದಲ ಅರ್ಥ ಜಾಮೀನು. ಒಬ್ಬನ ಸಾಲಕ್ಕೋ ನಡತೆಗೋ ಮತ್ತೊಬ್ಬ ಮುಂದೆ ಬಂದು ‘ಇದಕ್ಕೆ ನಾನಿದ್ದೇನೆ’ ಎಂದು ಮಾತು ಕೊಡುವುದು ಹೊಣೆ ನಿಲ್ಲುವುದು. ಹಾಗೆ ನಿಂತವನು ಹೊಣೆಗಾರ. ಈ ಹಳೆಯ ಅರ್ಥದಲ್ಲಿ ಹೊಣೆ ಎಂಬುದು ಇಚ್ಛೆಯ ಮಾತು. ಸಾಲ ಕೊಡುವ ಮುನ್ನ ‘ನಾನು ಹೊಣೆ ನಿಲ್ಲುವುದಿಲ್ಲ’ ಎಂದು ಹೇಳುವ ಹಕ್ಕು ಯಾರಿಗಾದರೂ ಇತ್ತು, ಇಂದಿಗೂ ಇದೆ. ‘ಜವಾಬ್ದಾರಿ’ ಬೇರೆ ಮೂಲದಿಂದ ಬಂದದ್ದು. ಅರಬ್ಬಿಯ ಜವಾಬಿಗೆ ಪಾರಸಿಯ ‘ದಾರ್’ ಸೇರಿ, ಉತ್ತರ ಕೊಡಬೇಕಾದವನು ಜವಾಬ್ದಾರನಾದ. 1862ರಿಂದ 1956ರವರೆಗೆ ಮುಂಬಯಿ ಆಡಳಿತದಲ್ಲಿದ್ದ ನಮ್ಮ ಜಿಲ್ಲೆಯಲ್ಲಿ ಕಚೇರಿಯ ಇಂಥ ಮಾತುಗಳು ಮನೆಮಾತಿನಲ್ಲಿಯೂ ಬೇರೂರಿದವು. ಇಲ್ಲಿ ಇಚ್ಛೆಯ ಪ್ರಶ್ನೆಯಿಲ್ಲ: ಕೇಳುವವನು ಕೇಳಿದಾಗ ಜವಾಬು ಕೊಡಲೇಬೇಕು.

ಗೊಂದಲದ ಬೇರು ಇಲ್ಲಿಯೇ ಇದೆ. ಫಲಕ ಬರೆಸುವವರು ಹೊಣೆಯನ್ನು ಹಳೆಯ ಅರ್ಥದಲ್ಲಿ, ನಿಲ್ಲಬಹುದಾದ ಅಥವಾ ನಿರಾಕರಿಸಬಹುದಾದ ಜಾಮೀನೆಂಬಂತೆ ಬಳಸುತ್ತಾರೆ. ಆದರೆ ಹೋಟೆಲಿಗೂ ಅತಿಥಿಗೂ ನಡುವೆ ಕಾನೂನು ಕಾಣುವ ಹೊಣೆ ಆ ಬಗೆಯದಲ್ಲ. ಅದರೊಳಗೆ ಎರಡು ಸಂಗತಿಗಳಿವೆ, ಮತ್ತು ನಮ್ಮ ಪತ್ರಿಕೆಗಳು ಎರಡಕ್ಕೂ ಹೊಣೆ ಎಂಬ ಒಂದೇ ಪದವನ್ನು ಬಳಸಿ ಗೊಂದಲವನ್ನು ಹೆಚ್ಚಿಸಿವೆ. ಮೊದಲನೆಯದು ಎಚ್ಚರಿಕೆಯ ಕರ್ತವ್ಯ: ಅತಿಥಿಗೆ ಕೇಡಾಗದಂತೆ, ಕೇಡು ಆಗುವ ಮೊದಲು ವಹಿಸಬೇಕಾದ ನಿಗಾ. ಎರಡನೆಯದು ಬಾಧ್ಯತೆ: ಆ ಕರ್ತವ್ಯ ತಪ್ಪಿದ್ದರಿಂದ ಕೇಡಾದಾಗ, ಆದ ಮೇಲೆ ತುಂಬಿಕೊಡಬೇಕಾದ ನಷ್ಟ. ಕರ್ತವ್ಯವು ಯಾರೂ ಸಹಿ ಹಾಕಿ ಒಪ್ಪಿಕೊಂಡದ್ದರಿಂದ ಹುಟ್ಟುವುದಿಲ್ಲ. ಬಾಗಿಲು ತೆರೆದು, ಹಣ ಪಡೆದು, ಅತಿಥಿಯನ್ನು ಒಳಗೆ ಕರೆದುಕೊಂಡಾಗಲೇ ಹುಟ್ಟುತ್ತದೆ. ಹೀಗೆ ಹುಟ್ಟಿದ ಕರ್ತವ್ಯ ಗೋಡೆಯ ಮೇಲೆ ಬಣ್ಣದಲ್ಲಿ ಬರೆದ ವಾಕ್ಯದಿಂದ ಅಳಿಯುವುದಿಲ್ಲ.

ವಾಹನದ ವಿಷಯದಲ್ಲಿ ಇದನ್ನು ಸುಪ್ರೀಂ ಕೋರ್ಟ್ 2019ರ ನವೆಂಬರ್ 14ರ ತೀರ್ಪಿನಲ್ಲಿ ಸ್ಪಷ್ಟವಾಗಿ ಹೇಳಿದೆ. ತೀರ್ಪು ಬರೆದವರು ನಮ್ಮ ನೆರೆಯ ಹಾವೇರಿ ಜಿಲ್ಲೆಯ ಮೂಲದವರಾದ ನ್ಯಾಯಮೂರ್ತಿ ಮೋಹನ ಶಾಂತನಗೌಡರ. ಅವರೊಂದಿಗೆ ಪೀಠದಲ್ಲಿದ್ದವರು ನ್ಯಾಯಮೂರ್ತಿ ಅಜಯ್ ರಸ್ತೋಗಿ. 1998ರ ಆಗಸ್ಟ್ 1ರ ರಾತ್ರಿ ದೆಹಲಿಯ ತಾಜ್ ಮಹಲ್ ಹೋಟೆಲಿಗೆ ಬಂದ ಅತಿಥಿಯೊಬ್ಬರು ತಮ್ಮ ಮಾರುತಿ ಜೆನ್ ಕಾರನ್ನು ಕೀಲಿಕೈ ಸಮೇತ ಅಲ್ಲಿನ ಸಿಬ್ಬಂದಿಗೆ ಒಪ್ಪಿಸಿ ಒಳಗೆ ಹೋದರು. ಮರಳಿ ಬರುವಷ್ಟರಲ್ಲಿ ಯಾರೋ ಆ ಕೀಲಿಕೈಯನ್ನೇ ಎತ್ತಿಕೊಂಡು ಕಾರನ್ನು ಒಯ್ದಿದ್ದರು. ಹೋಟೆಲು ತೋರಿಸಿದ್ದು ತನ್ನ ಪಾರ್ಕಿಂಗ್ ಚೀಟಿಯನ್ನು: ವಾಹನ ನಿಲ್ಲಿಸಿದ್ದು ಅತಿಥಿಯ ಸ್ವಂತ ಹೊಣೆಯಲ್ಲಿ ಎಂದು ಅದರಲ್ಲಿ ಅಚ್ಚಾಗಿತ್ತು. ನ್ಯಾಯಾಲಯ ಒಪ್ಪಲಿಲ್ಲ. ಕೀಲಿಕೈ ಪಡೆದ ಕ್ಷಣದಲ್ಲಿ ವಾಹನ ಹೋಟೆಲಿನ ವಶಕ್ಕೆ ಬಂತು. 1872ರ ಭಾರತೀಯ ಕರಾರು ಅಧಿನಿಯಮದ 148ನೇ ಪ್ರಕರಣದ ಪ್ರಕಾರ ಅದು ಬೇಲ್‌ಮೆಂಟ್, ಅಂದರೆ ಮರಳಿ ಕೊಡುವ ಷರತ್ತಿನ ಮೇಲೆ ವಸ್ತುವನ್ನು ಒಪ್ಪಿಸಿದ್ದು. ಇನ್ನು ಸಾಮಾನ್ಯ ವಿವೇಕವುಳ್ಳ ಮನುಷ್ಯ ತನ್ನದೇ ವಸ್ತುವಿನ ಬಗ್ಗೆ ವಹಿಸುವಷ್ಟು ನಿಗಾವನ್ನು 151ನೇ ಪ್ರಕರಣ ಕೇಳುತ್ತದೆ. ತನ್ನ ಅಥವಾ ತನ್ನ ನೌಕರರ ನಿರ್ಲಕ್ಷ್ಯದ ಬಾಧ್ಯತೆಯನ್ನು ಚೀಟಿಯೊಂದರ ಮೂಲಕ ಹೋಟೆಲು ಕಳಚಿಕೊಳ್ಳಲಾಗದು ಎಂದು ಪೀಠ ತೀರ್ಮಾನಿಸಿತು. ನಿಗಾ ವಹಿಸಿದ್ದೆವೆಂದು ತೋರಿಸುವ ಭಾರವೂ ಹೋಟೆಲಿನದೇ. ಅಷ್ಟನ್ನು ತೋರಿಸಿದ ಬಳಿಕ ಮಾತ್ರ, ಹೊರಗಿನವರ ಕೃತ್ಯ ಅಥವಾ ಅತಿಥಿಯದೇ ತಪ್ಪಿನ ಬಗ್ಗೆ ಚೀಟಿಯ ಷರತ್ತಿಗೆ ಬೆಲೆ ಬರಬಹುದು.

ಇಲ್ಲಿ ಕೀಲಿಕೈ ಕೊಡುವುದೇ ನಿರ್ಣಾಯಕ ಎಂಬುದನ್ನು ಓದುಗರು ಗಮನಿಸಬೇಕು. ಗೋಕರ್ಣದಲ್ಲಿ ರಜೆಯ ದಿನ ಯಾರದೋ ಖಾಲಿ ಗದ್ದೆಯಲ್ಲಿ ತಾವೇ ಕಾರು ನಿಲ್ಲಿಸಿ, ಬೀಗ ಹಾಕಿ, ಕೀಲಿಕೈಯನ್ನು ಜೇಬಿನಲ್ಲಿಟ್ಟುಕೊಂಡು ಓಂ ಬೀಚಿಗೆ ಇಳಿದವರ ವಾದ ಇಷ್ಟು ಗಟ್ಟಿಯಾಗಿ ನಿಲ್ಲುವುದಿಲ್ಲ. ಅಲ್ಲಿ ಕೊಟ್ಟದ್ದು ಜಾಗದ ಬಾಡಿಗೆಯೋ ಕಾವಲಿನ ಶುಲ್ಕವೋ ಎಂಬ ಪ್ರಶ್ನೆ ಏಳುತ್ತದೆ. ಇದು ಹೊಸ ಚರ್ಚೆಯೂ ಅಲ್ಲ. ಇಂಗ್ಲೆಂಡಿನಲ್ಲಿ 1584ರ ಕೇಲಿ ಪ್ರಕರಣದಲ್ಲಿ ಅತಿಥಿಯೊಬ್ಬ ತನ್ನ ಕುದುರೆಯನ್ನು ಮೇಯಲು ಬಿಡುವಂತೆ ಛತ್ರದವನಿಗೆ ತಾನೇ ಹೇಳಿದ್ದ. ಹುಲ್ಲುಗಾವಲಿನಿಂದ ಕುದುರೆ ಕಳುವಾಯಿತು. ಕುದುರೆ ಛತ್ರದ ಆವರಣದ ಹೊರಗೆ ಹೋದದ್ದು ಅತಿಥಿಯ ಮಾತಿನಂತೆ ಎಂಬ ಕಾರಣಕ್ಕೆ ಛತ್ರದವನ ಮೇಲೆ ಬಾಧ್ಯತೆ ಬರಲಿಲ್ಲ. ಆವರಣದ ಒಳಗಿದ್ದಿದ್ದರೆ ಅಂದಿನ ಇಂಗ್ಲಿಷ್ ಕಾನೂನು ಅವನನ್ನು ಬಿಡುತ್ತಿರಲಿಲ್ಲ. ಛತ್ರದವನ ಮೇಲಿದ್ದ ಆ ಕಟ್ಟುನಿಟ್ಟಿನ ಬಾಧ್ಯತೆಯನ್ನು ನಮ್ಮ ಸುಪ್ರೀಂ ಕೋರ್ಟ್ 2019ರಲ್ಲಿ ಪರಿಶೀಲಿಸಿ, ಅಷ್ಟು ದೂರ ಹೋಗದೆ, ನಿರ್ಲಕ್ಷ್ಯವನ್ನೇ ಅಳತೆಗೋಲಾಗಿ ಇಟ್ಟುಕೊಂಡಿತು.

ವಸ್ತುಗಳಿಗಿಂತ ದೇಹಕ್ಕೆ ಆಗುವ ಕೇಡಿನ ವಿಷಯದಲ್ಲಿ ಈ ಪದದ ದುರ್ಬಳಕೆ ಹೆಚ್ಚು ಅಪಾಯಕಾರಿ. ನಮ್ಮ ಮಳೆಗಾಲವನ್ನೇ ತೆಗೆದುಕೊಳ್ಳಿ. ಶಿರಸಿ, ಸಿದ್ದಾಪುರದ ತೋಟದ ಮನೆಗಳಲ್ಲಿ ಜೂನ್ ತಿಂಗಳಿನಿಂದ ಚಿರೇಕಲ್ಲಿನ ಮೆಟ್ಟಿಲಿಗೆ ಪಾಚಿ ಹಿಡಿಯುತ್ತದೆ; ಹಳ್ಳ ದಾಟುವ ಕಾಲುಸಂಕ ನೆನೆದು ಜಾರುತ್ತದೆ. ಮನೆಯವರು ಕಾಲಿನ ಹೆಬ್ಬೆರಳೂರಿ ನಡೆಯುವುದನ್ನು ಹುಟ್ಟಿನಿಂದ ಬಲ್ಲರು. ಬೆಂಗಳೂರಿನಿಂದ ಹೋಮ್‌ಸ್ಟೇಗೆ ಬಂದವರಿಗೆ ಅದು ಗೊತ್ತಿರುವುದಿಲ್ಲ, ಮತ್ತು ಅವರಿಗೆ ಗೊತ್ತಿಲ್ಲವೆಂಬುದು ಮನೆಯವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಎಚ್ಚರಿಕೆಯ ಕರ್ತವ್ಯ ಎಂಬ ಪರಿಕಲ್ಪನೆ ನಿಂತಿರುವುದೇ ಈ ತಿಳಿವಳಿಕೆಯ ಅಂತರದ ಮೇಲೆ. ಆ ಮೆಟ್ಟಿಲ ಬಳಿ ‘ಜಾರಿಬಿದ್ದರೆ ನಾವು ಹೊಣೆಯಲ್ಲ’ ಎಂದು ಬರೆದರೆ ಕರ್ತವ್ಯದ ಒಂದು ಎಳೆಯೂ ಪೂರೈಸುವುದಿಲ್ಲ. ಬದಲಿಗೆ, ಇಲ್ಲಿ ಜಾರುತ್ತದೆಂದು ನಮಗೆ ಮೊದಲೇ ತಿಳಿದಿತ್ತು ಎಂದು ಬರೆದುಕೊಟ್ಟಂತಾಗುತ್ತದೆ. ‘ಪಾಚಿ ಇದೆ, ಬಲಬದಿಯ ಹಗ್ಗ ಹಿಡಿದು ಇಳಿಯಿರಿ’ ಎಂದು ಬರೆದು, ನಿಜವಾಗಿಯೂ ಹಗ್ಗ ಕಟ್ಟಿ, ವಾರಕ್ಕೊಮ್ಮೆ ಕಲ್ಲು ತಿಕ್ಕಿಸಿದರೆ ಕರ್ತವ್ಯದ ಬಹುಪಾಲು ಸಂದಂತೆ. ಎರಡೂ ಫಲಕಗಳಿಗೆ ತಗಲುವ ಖರ್ಚು ಒಂದೇ. ಒಂದು ಅತಿಥಿಯನ್ನು ಕಾಯುತ್ತದೆ ಮತ್ತು ಅದರಿಂದಲೇ ಮಾಲೀಕನನ್ನೂ ಕಾಯುತ್ತದೆ. ಇನ್ನೊಂದು ಇಬ್ಬರನ್ನೂ ಕಾಯುವುದಿಲ್ಲ. ಹೊಣೆ ನಿರಾಕರಿಸುವ ಫಲಕಕ್ಕೂ ಅಪಾಯ ತಿಳಿಸುವ ಫಲಕಕ್ಕೂ ಇರುವ ಈ ವ್ಯತ್ಯಾಸವನ್ನು ಪ್ರತಿ ಹೋಮ್‌ಸ್ಟೇಯ ಯಜಮಾನರೂ ಮನದಟ್ಟು ಮಾಡಿಕೊಂಡರೆ ಈ ಬರಹದ ಉದ್ದೇಶ ಮುಕ್ಕಾಲು ಪಾಲು ಈಡೇರಿದಂತೆ.

ಕಣ್ಣಿಗೆ ಕಾಣದ ಅಪಾಯಗಳಲ್ಲಿ ಫಲಕವೂ ಸಾಲದು. ಗಾಳಿಯಾಡದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಇಟ್ಟರೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳಬಹುದು. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಒಳಗಿದ್ದವರಿಗೆ ಎಚ್ಚರ ತಪ್ಪುವವರೆಗೂ ತಿಳಿಯುವುದಿಲ್ಲ. ಇಲ್ಲಿ ಅತಿಥಿ ಎಷ್ಟು ಜಾಗರೂಕನಾದರೂ ಪ್ರಯೋಜನವಿಲ್ಲವಾದ್ದರಿಂದ ಗೀಸರನ್ನು ಬಚ್ಚಲಿನ ಹೊರಗೆ ಕೂರಿಸುವುದೇ ಕರ್ತವ್ಯ. ಬರೆಸಿಕೊಂಡ ಯಾವ ಸಹಿಯೂ ಅದರ ಬದಲಿಗೆ ನಿಲ್ಲಲಾರದು.

ಅತಿಥಿಗಳ ಕಡೆಯ ದುರ್ಬಳಕೆಯನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. ಹೋಟೆಲಿನಲ್ಲಿ ಏನೇ ನಡೆದರೂ ಹೋಟೆಲೇ ಹೊಣೆ ಎಂಬ ಮಾತು ಜಾಲತಾಣದ ವಿಮರ್ಶೆಗಳಲ್ಲಿ ಧಾರಾಳವಾಗಿ ಕಾಣುತ್ತದೆ. ಅದೂ ತಪ್ಪು. ಕೇಡು ಮುಂಗಾಣಬಹುದಾದದ್ದಾಗಿರಬೇಕು, ಅದನ್ನು ತಪ್ಪಿಸಲು ಹೋಟೆಲಿನ ಕೈಯಲ್ಲಿ ದಾರಿಯಿರಬೇಕು, ಆ ದಾರಿ ಹಿಡಿಯದ್ದರಿಂದಲೇ ಕೇಡಾಗಿರಬೇಕು. ಮಳೆಗಾಲದಲ್ಲಿ ಕಡಲಿಗೆ ಇಳಿಯಬೇಡಿರೆಂದು ಊಟ ಬಡಿಸುವ ಮಾಣಿಯಿಂದ ಹಿಡಿದು ಮಾಲೀಕರವರೆಗೆ ಎಲ್ಲರೂ ಹೇಳಿದ ಮೇಲೂ, ಕತ್ತಲಾದ ಬಳಿಕ ಕುಡಿದು ಕುಡ್ಲೆ ಕಡಲಿಗೆ ಇಳಿದವರ ವಿಷಯದಲ್ಲಿ ರೆಸಾರ್ಟಿನವರನ್ನು ದೂರುವುದು ನ್ಯಾಯವಲ್ಲ. ಕಡಲು ರೆಸಾರ್ಟಿನ ಸ್ವತ್ತೂ ಅಲ್ಲ. ಆದರೆ ಅದೇ ರೆಸಾರ್ಟ್ ‘ನಮ್ಮ ಖಾಸಗಿ ಕಿನಾರೆಯಲ್ಲಿ ಈಜಿ ಆನಂದಿಸಿ’ ಎಂದು ಜಾಹೀರಾತು ಕೊಟ್ಟಿದ್ದರೆ ಮಾತು ಬೇರೆಯಾಗುತ್ತದೆ.

ನಮ್ಮ ಕಾನೂನು ಕಲಿಕೆಯಲ್ಲಿ ಈ ಪರಿಕಲ್ಪನೆಗೆ ಮೂಲವೆಂದು ಹೇಳುವ ಪ್ರಕರಣ ಹುಟ್ಟಿದ್ದೂ ಒಂದು ಉಪಾಹಾರ ಗೃಹದಲ್ಲಿಯೇ. 1928ರ ಆಗಸ್ಟ್‌ನಲ್ಲಿ ಸ್ಕಾಟ್ಲೆಂಡಿನ ಪೈಸ್ಲಿ ಊರಿನ ಕೆಫೆಯೊಂದರಲ್ಲಿ ಡಾನಹ್ಯೂ ಎಂಬ ಮಹಿಳೆ ಗೆಳತಿ ಕೊಡಿಸಿದ ಶುಂಠಿ ಪಾನೀಯ ಕುಡಿದರು. ಬಾಟಲಿಯಲ್ಲಿ ಕೊಳೆತ ಬಸವನಹುಳು ಇತ್ತೆಂಬುದು ಅವರ ದೂರು. ದುಡ್ಡು ಕೊಟ್ಟವರು ಅವರಲ್ಲವಾದ್ದರಿಂದ ಕರಾರಿನ ಆಧಾರದಲ್ಲಿ ಕೇಳುವ ಹಕ್ಕು ಅವರಿಗಿರಲಿಲ್ಲ. ತಯಾರಕನ ವಿರುದ್ಧದ ದಾವೆಯಲ್ಲಿ 1932ರಲ್ಲಿ ಲಾರ್ಡ್ ಆಟ್ಕಿನ್, ನಮ್ಮ ನಡತೆಯಿಂದ ಯಾರಿಗೆ ಕೇಡಾಗಬಹುದೆಂದು ಮುಂಗಾಣಬಲ್ಲೆವೋ ಅವರ ಬಗ್ಗೆ ಎಚ್ಚರಿಕೆಯ ಕರ್ತವ್ಯವಿದೆ ಎಂದರು. ಬಿಲ್ಲು ಯಾರ ಹೆಸರಿನಲ್ಲಿದೆ ಎಂದು ಕೇಳುವ ಕಾಲ ಅಲ್ಲಿಗೆ ಮುಗಿಯಿತು.

ಊಟದ ವಿಷಯದಲ್ಲಿ ನಮ್ಮ ಕರಾವಳಿಯ ಖಾನಾವಳಿಗಳಿಗೆ ನೇರವಾಗಿ ತಟ್ಟುವ ಮಾತೊಂದಿದೆ. ಬಂಗುಡೆ, ತಾರ್ಲೆಗಳಂತಹ ಮೀನನ್ನು ಹಿಡಿದ ಮೇಲೆ ಬಿಸಿಯಲ್ಲಿ ಬಿಟ್ಟರೆ ಬ್ಯಾಕ್ಟೀರಿಯಾಗಳಿಂದ ಅದರ ಮಾಂಸದಲ್ಲಿ ಹಿಸ್ಟಮೈನ್ ಹುಟ್ಟುತ್ತದೆ. ಒಮ್ಮೆ ಹುಟ್ಟಿದ ಹಿಸ್ಟಮೈನ್ ಕುದಿಸಿದರೂ ಹುರಿದರೂ ಹೋಗುವುದಿಲ್ಲ; ತಿಂದವರ ಮುಖ ಕೆಂಪೇರಿ, ತಲೆ ಸಿಡಿದು, ಮೈ ತುರಿಸತೊಡಗುತ್ತದೆ. ‘ಚೆನ್ನಾಗಿ ಬೇಯಿಸಿದ್ದೆವು’ ಎಂಬ ಸಮಜಾಯಿಷಿ ಆದ್ದರಿಂದ ಉತ್ತರವಾಗದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಂತಾಗ ದೂರದಿಂದ ಲಾರಿಯಲ್ಲಿ ಬರುವ ಮೀನಿನ ಬಗ್ಗೆ, ಮಂಜುಗಡ್ಡೆ ಎಲ್ಲಿಂದ ಎಲ್ಲಿಯವರೆಗೆ ಇತ್ತೆಂದು ಕೇಳಿ ತಿಳಿದುಕೊಳ್ಳುವುದೇ ಇಲ್ಲಿ ಎಚ್ಚರಿಕೆ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಅಧಿನಿಯಮದ 65ನೇ ಪ್ರಕರಣದಂತೆ ಅಂಥ ಆಹಾರದಿಂದ ಸಾವಾದರೆ ಪರಿಹಾರ 5 ಲಕ್ಷ ರೂಪಾಯಿಗೆ ಕಡಿಮೆಯಿರುವಂತಿಲ್ಲ. ತೀವ್ರ ಹಾನಿಗೆ 3 ಲಕ್ಷದವರೆಗೆ, ಉಳಿದ ಹಾನಿಗೆ 1 ಲಕ್ಷದವರೆಗೆ ಪರಿಹಾರ ವಿಧಿಸಬಹುದು. ಒಣ ಸಿಗಡಿ ಹಾಕಿದ ಚಟ್ನಿಯನ್ನು ‘ಬರೀ ಕಾಯಿಚಟ್ನಿ’ ಎಂದು ಬಡಿಸುವುದೂ ನಿರ್ಲಕ್ಷ್ಯವೇ. ಸಿಗಡಿ ಒಗ್ಗದವರು ಕೇಳಿದಾಗ ನಿಜ ಹೇಳುವುದಕ್ಕೆ ಯಾವ ಖರ್ಚೂ ಇಲ್ಲ.

‘ಅದು ಕೆಲಸದ ಹುಡುಗ ಮಾಡಿದ್ದು’ ಎಂಬ ಮಾತಿಗೆ ಹೆಚ್ಚು ಜಾಗ ಬೇಡ. ಕೆಲಸದ ಸಲುವಾಗಿ ನೌಕರ ಮಾಡಿದ ತಪ್ಪಿಗೆ ಜವಾಬು ಕೊಡಬೇಕಾದವನು ಮಾಲೀಕನೇ.

ಇನ್ನು ಕೇಳುವ ದಾರಿ. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದಲ್ಲಿ ಊಟ ಮತ್ತು ವಸತಿ ‘ಸೇವೆ’ಯ ವ್ಯಾಖ್ಯೆಯೊಳಗೇ ಬರುತ್ತವೆ. ದೂರನ್ನು ಘಟನೆ ನಡೆದ ಊರಿನಲ್ಲಿಯೇ ಕೊಡಬೇಕೆಂದಿಲ್ಲ. ದೂರುದಾರರು ವಾಸಿಸುವ ಅಥವಾ ದುಡಿಯುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೂ ಕೊಡಬಹುದು. ಅಂದರೆ ಯಾಣದ ದಾರಿಯ ಹೋಮ್‌ಸ್ಟೇಯಲ್ಲಿ ಬಿದ್ದವರು ಮೈಸೂರಿನಲ್ಲಿ ಕುಳಿತೇ ಅಲ್ಲಿನ ಯಜಮಾನರಿಂದ ಜವಾಬು ಕೇಳಬಹುದು. ಅವಧಿ ಎರಡು ವರ್ಷ. ಬಿಲ್ಲು, ಪಾರ್ಕಿಂಗ್ ಚೀಟಿ, ವೈದ್ಯರ ಟಿಪ್ಪಣಿಗಳ ಜೊತೆಗೆ ‘ಹೊಣೆಯಲ್ಲ’ ಎಂದು ಬರೆದ ಆ ಫಲಕದ ಛಾಯಾಚಿತ್ರವನ್ನೂ ತೆಗೆದಿಟ್ಟುಕೊಳ್ಳಬೇಕು. ಅಪಾಯ ಮಾಲೀಕರಿಗೆ ಗೊತ್ತಿತ್ತೆಂದು ತೋರಿಸಲು ಅದೂ ಒಂದು ಸಾಕ್ಷ್ಯವಾಗಬಲ್ಲದು.