ಲೋಗೋ ಲೆಕ್ಸಸ್ಸು, ಹುಟ್ಟು ಸೋರರ್

ಹೋದ ತಿಂಗಳು ಹುಬ್ಬಳ್ಳಿ ಕಡೆಯ ಹುಡುಗನೊಬ್ಬ ನಮ್ಮ ಗ್ಯಾರೇಜಿಗೆ ಬೆಳ್ಳಿ ಬಣ್ಣದ ಕನ್ವರ್ಟಿಬಲ್ ಓಡಿಸಿಕೊಂಡು ಬಂದ. ನ್ಯೂಜಿಲೆಂಡಿನ ಈ ಆಕ್ಲೆಂಡ್‌ನಲ್ಲಿ ಮಳೆ ಯಾವಾಗ ಹೊಡೆಯುತ್ತೋ ಹೇಳಕ್ಕಾಗಲ್ಲ, ಆದರೂ ಟಾಪ್ ಪೂರ್ತಿ ತೆಗೆದೇ ಬಂದಿದ್ದ. “ಅಣ್ಣಾರ, ಲೆಕ್ಸಸ್ ಎಸ್‌ಸಿ 430 ತಗೊಂಡೀನ್ರಿ. ಇನ್ನ ಸ್ವಲ್ಪ ಕೆಲಸ ಮಾಡಿಸ್ಬೇಕ್ರಿ” ಅಂದ. ಮುಂದೆ ಎಲ್ ಅಕ್ಷರದ ಲೋಗೋ, ಹಿಂದೆ ಎಲ್ ಅಕ್ಷರದ ಲೋಗೋ. ಆದರೆ ಸ್ಟೀರಿಂಗ್ ನಡುವೆ ರೆಕ್ಕೆ ಇರುವ ಸಿಂಹ ಕೂತಿತ್ತು, ಅದು ಟೊಯೋಟಾ ಸೋರರ್ ಅನ್ನೋ ಕಾರಿನ ಗುರುತು.

“ಅಲ್ಲಪ್ಪಾ, ಇದು ಸೋರರ್ ಅಲ್ವಾ?” ಅಂದೆ. ಹುಡುಗನ ಮುಖ ಸಪ್ಪಗಾಯಿತು. ಮೋಸ ಹೋದೆ ಅಂದುಕೊಂಡ. ಗಾಡಿ ಮಟ್ಟಿಗೆ ಮೋಸ ಏನಿಲ್ಲ. ಹೆಸರಿನ ಮಟ್ಟಿಗೆ ಇದೆ.

ವಿಷಯ ಇಷ್ಟೇ. 2001ರಲ್ಲಿ ಟೊಯೋಟಾ ಈ ಗಾಡಿ ತಂದಾಗ ಜಪಾನಿನಲ್ಲಿ ಲೆಕ್ಸಸ್ ಅನ್ನೋ ಅಂಗಡಿಯೇ ಇರಲಿಲ್ಲ. ಲೆಕ್ಸಸ್ ಅಂದರೆ ಟೊಯೋಟಾದವರದೇ ದುಬಾರಿ ಕಾರುಗಳ ಹೆಸರು. ಅಮೆರಿಕದಲ್ಲಿ, ಬ್ರಿಟನ್ನಿನಲ್ಲಿ, ಆಸ್ಟ್ರೇಲಿಯಾದಲ್ಲಿ ಅದು ಲೆಕ್ಸಸ್ ಎಸ್‌ಸಿ 430. ತವರಿನಲ್ಲಿ ಮಾತ್ರ ಟೊಯೋಟಾ ಸೋರರ್. ಆಗಸ್ಟ್ 2005ರಲ್ಲಿ ಲೆಕ್ಸಸ್ ಜಪಾನಿಗೆ ಬಂದ ಮೇಲೆ ಅಲ್ಲೂ ಎಸ್‌ಸಿ 430 ಆಯಿತು, 1981ರಿಂದ ನಡೆದು ಬಂದಿದ್ದ ಸೋರರ್ ಹೆಸರು ಅಲ್ಲಿಗೆ ಮುಗಿಯಿತು. 2010ರಲ್ಲಿ ಗಾಡಿಯೂ ನಿಂತಿತು. ನ್ಯೂಜಿಲೆಂಡ್‌ಗೆ ಜಪಾನಿನಿಂದ ಸೆಕೆಂಡ್ ಹ್ಯಾಂಡ್ ಕಾರುಗಳು ಹಡಗುಗಟ್ಟಲೆ ಬರುತ್ತವೆ, ಸ್ಟೀರಿಂಗ್ ಎರಡೂ ದೇಶದಲ್ಲಿ ಬಲಕ್ಕೇ ಇರೋದರಿಂದ. ಹಾಗೆ ಬಂದ ಸೋರರ್‌ಗೆ ಲೆಕ್ಸಸ್ ಲೋಗೋ ಅಂಟಿಸಿದರೆ ಮಾರುವವನಿಗೆ ನಾಲ್ಕು ಕಾಸು ಜಾಸ್ತಿ.

ಲೋಗೋ ನೋಡಬೇಡಿ, ಬಾನೆಟ್ ಎತ್ತಿ ಪ್ಲೇಟ್ ನೋಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಜಪಾನಿನವರು ತಮ್ಮ ಊರಿನ ಗಾಡಿಗೆ ವಿನ್ ನಂಬರ್, ಅಂದರೆ ಗಾಡಿಯ ಗುರುತಿನ 17 ಅಕ್ಷರದ ನಂಬರ್, ಹಾಕಲ್ಲ. ಯುಜಡ್‌ಜಡ್ 40 ಅಂತ ಶುರುವಾಗುವ ಚಿಕ್ಕ ಚಾಸಿಸ್ ನಂಬರ್ ಇರುತ್ತದೆ. ಯುಜಡ್ ಅಂದರೆ ಎಂಜಿನ್ ಮನೆತನ, ಜಡ್ 40 ಅಂದರೆ ಸೋರರ್‌ನ ನಾಲ್ಕನೇ ತಲೆಮಾರು. ಹೊರದೇಶಕ್ಕೆ ಅಂತಲೇ ಮಾಡಿದ ಲೆಕ್ಸಸ್‌ನ ವಿನ್ ನಂಬರ್ ಜೆಟಿಎಚ್ ಅಂತ ಶುರುವಾಗುತ್ತದೆ. ಇಲ್ಲಿ ಸೆಕೆಂಡ್ ಹ್ಯಾಂಡ್ ಆಮದಾದ ಗಾಡಿಗೆ ನ್ಯೂಜಿಲೆಂಡ್‌ನವರೇ ಹೊಸ ವಿನ್ ಕೊಡುತ್ತಾರೆ, ಅದು 7ಎಟಿ ಅಂತ ಶುರು. ಹುಡುಗನ ಕಾಗದದಲ್ಲಿ 7ಎಟಿ ಅಂತಲೇ ಇತ್ತು, ಓದಿರಲಿಲ್ಲ ಅಷ್ಟೇ. ಸ್ಪೇರ್ ಪಾರ್ಟ್ ತರಿಸುವಾಗ ಆ 7ಎಟಿ ನಂಬರ್ ಹೇಳಿದರೆ ಟೊಯೋಟಾ ಪುಸ್ತಕದಲ್ಲಿ ಏನೂ ಸಿಗಲ್ಲ, ಹಳೇ ಚಾಸಿಸ್ ನಂಬರನ್ನೇ ಕೊಡಬೇಕು.

ಹಾಗಾದರೆ ಎರಡಕ್ಕೂ ಏನು ವ್ಯತ್ಯಾಸ? ಎಂಜಿನ್ ಅದೇ 4.3 ಲೀಟರ್ ವಿ8. ಅಲ್ಯೂಮಿನಿಯಂ ಟಾಪ್ ಅದೇ, 25 ಸೆಕೆಂಡಿನಲ್ಲಿ ಮಡಚಿ ಡಿಕ್ಕಿಯೊಳಗೆ ಹೋಗಿ ಕೂರುತ್ತದೆ. ಅದು ಕೂತ ಮೇಲೆ ಡಿಕ್ಕಿಯಲ್ಲಿ ಒಂದು ಕೈಚೀಲಕ್ಕಿಂತ ಜಾಸ್ತಿ ಇಡೋ ಆಸೆ ಬಿಟ್ಟುಬಿಡಿ. ಪವರ್ ವಿಷಯಕ್ಕೆ ಜನ ಸುಮ್ನೆ ಜಗಳ ಆಡುತ್ತಾರೆ. ಅಮೆರಿಕದ್ದು 300 ಅಶ್ವಶಕ್ತಿ, ಜಪಾನಿನದು 280, ಹಾಗಾಗಿ ಅಮೆರಿಕದ್ದೇ ಮೇಲು ಅಂತ ವಾದ. ಆಗ ಜಪಾನಿನ ಕಂಪನಿಗಳು ತಮ್ಮೊಳಗೇ ಒಂದು ಒಪ್ಪಂದ ಮಾಡಿಕೊಂಡಿದ್ದವು, ಊರೊಳಗೆ ಮಾರುವ ಯಾವ ಕಾರಿಗೂ 280ಕ್ಕಿಂತ ಜಾಸ್ತಿ ಬರೆಯಬಾರದು ಅಂತ. 2004ರವರೆಗೂ ಅದು ನಡೆಯಿತು. ಇನ್ನೊಂದು ತಮಾಷೆ ಅಂದರೆ, ಅಮೆರಿಕದಲ್ಲಿ ಅಳತೆಯ ನಿಯಮ ಬದಲಾದಾಗ ಅದೇ ಎಂಜಿನ್ 300ರಿಂದ 288ಕ್ಕೆ ಇಳಿಯಿತು. ನಟ್ಟು ಬೋಲ್ಟು ಏನೂ ಬದಲಾಗಿರಲಿಲ್ಲ!

ನಿಜವಾದ ವ್ಯತ್ಯಾಸ ಇರೋದು ವೈರಿಂಗು, ಲೈಟು, ರೇಡಿಯೋದಲ್ಲಿ. ಕೈ ಇಟ್ಟಾಗ ತೊಂದರೆ ಕೊಡೋದೂ ಅವೇ.

ರೇಡಿಯೋ ತಗೊಳ್ಳಿ. ಜಪಾನಿನ ಎಫ್‌ಎಂ ಆಗ 76ರಿಂದ 90 ಮೆಗಾಹರ್ಟ್ಸ್. ಇಲ್ಲಿ 88ರಿಂದ 108, ನಮ್ಮ ಬೆಂಗಳೂರಿನ ಹಾಗೇ. ಸೋರರ್ ರೇಡಿಯೋ ಹಚ್ಚಿದರೆ ಒಂದೆರಡು ಸ್ಟೇಷನ್ ಸಿಕ್ಕಿದರೆ ಪುಣ್ಯ. ಸ್ಟೀರಿಯೋ ಕಿತ್ತು ಬೇರೆ ಹಾಕೋಣ ಅಂದರೆ ಎಲ್ಲಾ ಡ್ಯಾಶ್‌ಬೋರ್ಡಿನ ಮರದ ಮುಚ್ಚಳದ ಹಿಂದೆ ಕೂತಿದೆ, ಮುಟ್ಟಿದರೆ ಅಂದವೇ ಹೋಗುತ್ತದೆ. ಅದಕ್ಕೆ ನಾವು ಏರಿಯಲ್ ವೈರಿಗೂ ರೇಡಿಯೋಗೂ ನಡುವೆ ಒಂದು ಪುಟ್ಟ ಡಬ್ಬಿ ಹಾಕುತ್ತೇವೆ. ಬ್ಯಾಂಡ್ ಎಕ್ಸ್‌ಪಾಂಡರ್ ಅಂತಾರೆ. ಅದು ಬಂದ ಸಿಗ್ನಲ್ಲನ್ನು ಕೆಳಗಿಳಿಸುತ್ತದೆ. 14 ಮೆಗಾಹರ್ಟ್ಸ್ ಇಳಿಸುವ ಡಬ್ಬಿಯಾದರೆ 98ರ ಸ್ಟೇಷನ್ ಕೇಳಲು 84ಕ್ಕೆ ತಿರುಗಿಸಬೇಕು. ಲೆಕ್ಕ ಬಂದರೆ ಸಾಕು. ನ್ಯಾವಿಗೇಷನ್ ಮಾತ್ರ ಕೈಬಿಡಿ, ಡಿಸ್ಕಿನಲ್ಲಿ ಜಪಾನಿನ ಭೂಪಟ ಬಿಟ್ಟು ಬೇರೇನಿಲ್ಲ. ಆಕ್ಲೆಂಡ್ ಮೋಟರ್‌ವೇಯಲ್ಲಿ ಹೋಗುತ್ತಿರುವಾಗ ಒಳಗಿನ ಹೆಂಗಸು ಜಪಾನಿ ಭಾಷೆಯಲ್ಲಿ ಏನೋ ಹೇಳುತ್ತಿರುತ್ತಾಳೆ.

ಹುಡುಗನಿಗೆ ಹೆಡ್‌ಲೈಟ್ ಮೇಲೆ ಕಣ್ಣು. ಆನ್‌ಲೈನ್‌ನಲ್ಲಿ ಅಮೆರಿಕದ ಜೋಡಿ ಆಗಲೇ ತರಿಸಿಬಿಟ್ಟಿದ್ದ. ಎಷ್ಟೋ ಜನ ಎಡವೋದು ಇಲ್ಲೇ. ಎಡಗಡೆ ಓಡಿಸುವ ದೇಶದ ಲೈಟಿನಲ್ಲಿ ಡಿಪ್ ಹಾಕಿದಾಗ ಬೆಳಕು ಎಡಕ್ಕೆ ಸ್ವಲ್ಪ ಮೇಲೇಳುತ್ತದೆ, ರಸ್ತೆ ಅಂಚು ಕಾಣಲಿ ಅಂತ. ಅಮೆರಿಕದ್ದು ಬಲಕ್ಕೆ ಏಳುತ್ತದೆ. ಅದನ್ನು ಇಲ್ಲಿ ಹಾಕಿದರೆ ಎದುರು ಬರೋನ ಕಣ್ಣಿಗೇ ನೇರ. ಗಾಡಿ ವಾರಂಟ್ ಆಫ್ ಫಿಟ್‌ನೆಸ್, ಅಂದರೆ ಇಲ್ಲಿನ ಗಾಡಿ ತಪಾಸಣೆ, ಪಾಸಾಗಲ್ಲ. ಸ್ಕ್ರೂ ತಿರುಗಿಸಿ ಸರಿ ಮಾಡಬಹುದಾ ಅಂತ ಕೇಳಿದ. ಆಗಲ್ಲ, ಆ ಆಕಾರ ಲೈಟಿನೊಳಗೇ ಇದೆ.

ಆಮೇಲೆ ಮೀಟರ್ ಬೋರ್ಡ್. ಜಪಾನಿನ ಮೀಟರ್ 180ಕ್ಕೆ ನಿಲ್ಲುತ್ತದೆ, ಗಾಡಿಯೂ ಅಲ್ಲೇ ಕಡಿವಾಣ ಹಾಕಿಕೊಳ್ಳುತ್ತದೆ. ಜಾಸ್ತಿ ಅಂಕಿ ಇರುವ ಮೀಟರ್ ಹಾಕಿ ಅಂದ. ಓಡಿದ ಕಿಲೋಮೀಟರ್ ಲೆಕ್ಕ ಕೂತಿರೋದು ಆ ಮೀಟರ್ ಒಳಗೇ. ಬದಲಾಯಿಸಿದರೆ ಬೇರೆ ಯಾರದೋ ಗಾಡಿಯ ಲೆಕ್ಕ ನಿನ್ನ ಗಾಡಿಗೆ ಬರುತ್ತದೆ, ನಾಳೆ ಮಾರುವಾಗ ಕಳ್ಳನ ಥರ ನಿಲ್ಲಬೇಕಾಗುತ್ತದೆ. ನಾನು ಒಲ್ಲೆ ಅಂದೆ. 2005ರ ನಂತರದ ಗಾಡಿಯ ಆರು ಗೇರಿನ ಗೇರ್‌ಬಾಕ್ಸನ್ನೂ ಕೇಳಿದ. ಸೋರರ್ ಅಂತ ಮಾರಿದ್ದೆಲ್ಲ ಐದು ಗೇರಿನದೇ. ಅಷ್ಟು ದುಡ್ಡು ಸುರಿಯೋ ಬದಲು ಮೊದಲೇ ಆಮೇಲಿನ ಮಾಡೆಲ್ ತಗೋಬಹುದಿತ್ತು. ಅವನು ಕೇಳಿದ ಹಾಗೆ ಏರ್ ಸಸ್ಪೆನ್ಶನ್ ಹಾಕಿ ಗಾಡಿಯನ್ನು ನೆಲಕ್ಕೆ ಕೂರಿಸಬಹುದು, ಆದರೆ ಎಲ್‌ವಿವಿ ಸರ್ಟಿಫಿಕೇಟ್, ಅಂದರೆ ಮಾರ್ಪಾಡು ಮಾಡಿದ ಗಾಡಿಗೆ ಕೊಡುವ ಒಪ್ಪಿಗೆ ಪತ್ರ, ಮಾಡಿಸಬೇಕು, ಅದರ ಪ್ಲೇಟ್ ಗಾಡಿಗೆ ಹೊಡೆಸಬೇಕು.

ಸಿಟ್ಟು ಬರಬಾರದು, ಆದರೂ ಬಂತು. ಬಾನೆಟ್ ಒಳಗೆ ಟೈಮಿಂಗ್ ಬೆಲ್ಟಿನ ಸ್ಟಿಕ್ಕರ್ ಇತ್ತು. ಎಂಜಿನ್ನಿನ ವಾಲ್ವುಗಳನ್ನು ಸರಿಯಾದ ಹೊತ್ತಿಗೆ ತೆರೆದು ಮುಚ್ಚಿಸುವ ರಬ್ಬರ್ ಪಟ್ಟಿ ಅದು. ಜಪಾನಿನ ಮೆಕ್ಯಾನಿಕ್‌ಗಳು ಬೆಲ್ಟ್ ಬದಲಾಯಿಸಿದ ದಿನ, ಕಿಲೋಮೀಟರ್ ಎರಡೂ ಬರೆದು ಅಂಟಿಸುತ್ತಾರೆ, ಒಳ್ಳೇ ಅಭ್ಯಾಸ. ವರ್ಷ ಅನ್ನೋ ಕಡೆ 25 ಅಂತಿತ್ತು. “2025ರಾಗ ಹಾಕ್ಸ್ಯಾರಂತ್ರಿ, ಮಾರಿದಾವ್ರು ತೋರಿಸಿದ್ರು” ಅಂದ ಹುಡುಗ. ಅದು ಚಕ್ರವರ್ತಿಯ ಕಾಲದ ಲೆಕ್ಕ. ಹೆಯ್ಸೆ 25 ಅಂದರೆ 2013. ಈ ಎಂಜಿನ್ನಿನಲ್ಲಿ ಬೆಲ್ಟ್ ಹರಿದರೆ ಪಿಸ್ಟನ್ ಹೋಗಿ ವಾಲ್ವಿಗೆ ಬಡಿಯುತ್ತದೆ, ಆಮೇಲೆ ಎಂಜಿನ್ ಬಿಚ್ಚಬೇಕು. ಹನ್ನೆರಡು ವರ್ಷ ದಾಟಿದ ರಬ್ಬರ್ ಮೇಲೆ ಇವನು ಊರೆಲ್ಲ ಟಾಪ್ ತೆಗೆದುಕೊಂಡು ಸುತ್ತಿದ್ದಾನೆ.

ಹೀಗೆ ಒಂದೊಂದು ದೇಶಕ್ಕೆ ಒಂದೊಂದು ವೇಷ ಹಾಕೋದು ಜಪಾನಿನವರಿಗೆ ಹೊಸದಲ್ಲ. 1989ರಲ್ಲಿ ಹಳೇ ಸೋರರ್‌ಗೇ ಮಡಚುವ ಗಟ್ಟಿ ಟಾಪ್ ಹಾಕಿ ಏರೋಕ್ಯಾಬಿನ್ ಅಂತ ಬರೀ 500 ಗಾಡಿ ಮಾಡಿದ್ದರು. ಅದರ ನಂತರದ ಸೋರರ್ ಅಮೆರಿಕದಲ್ಲಿ ಲೆಕ್ಸಸ್ ಎಸ್‌ಸಿ 300, ಎಸ್‌ಸಿ 400 ಆಯಿತು, ಆದರೆ ಜಪಾನಿನಲ್ಲಿದ್ದ 2.5 ಲೀಟರ್ ಟ್ವಿನ್ ಟರ್ಬೋ ಎಂಜಿನ್ ಅಮೆರಿಕದವರಿಗೆ ಸಿಗಲೇ ಇಲ್ಲ. ನಿಸ್ಸಾನ್‌ದು ಇನ್ನೂ ವಿಚಿತ್ರ. ಜಪಾನಿನ ಲೆಪರ್ಡ್ ಕೂಪೆ ಅಮೆರಿಕದಲ್ಲಿ ಇನ್ಫಿನಿಟಿ ಎಂ30 ಆಯಿತು. ಅದರ ಕನ್ವರ್ಟಿಬಲ್ ಬೇಕು ಅಂದಾಗ ಎಎಸ್‌ಸಿ ಅನ್ನೋ ಅಮೆರಿಕದ ಕಂಪನಿ ಕೂಪೆಯ ತಲೆ ಕುಯ್ದು ಬಟ್ಟೆ ಟಾಪ್ ಕೂರಿಸಿ ಕೊಡುತ್ತಿತ್ತು. ನೀವು ಅದನ್ನು ಕಂಪನಿ ಗಾಡಿ ಅಂತೀರೋ, ಮಾಡಿಸಿದ ಗಾಡಿ ಅಂತೀರೋ ನಿಮಗೆ ಬಿಟ್ಟಿದ್ದು. ನನಗಂತೂ ಅದು ಮಾಡಿಸಿದ್ದೇ.

ಊರಿಂದ ಭಾವಮೈದ ಫೋನ್ ಮಾಡಿದಾಗೆಲ್ಲ, ಭಾವ ಒಂದು ಇಂಥ ಗಾಡಿ ಬೆಂಗಳೂರಿಗೆ ಕಳಿಸ್ರೀ ಅಂತಾನೆ. ಸೆಕೆಂಡ್ ಹ್ಯಾಂಡ್ ಕಾರು ಭಾರತಕ್ಕೆ ತರಬೇಕಾದರೆ ಮೂರು ವರ್ಷಕ್ಕಿಂತ ಹಳೇದಾಗಿರಬಾರದು ಅನ್ನೋ ನಿಯಮವಿದೆ, 2010ಕ್ಕೆ ನಿಂತ ಗಾಡಿಗೆ ಅಲ್ಲಿಗೆ ಬಾಗಿಲು ಮುಚ್ಚಿದ ಹಾಗೇ.

ಹುಡುಗ ಕೊನೆಗೆ ಏರ್ ಸಸ್ಪೆನ್ಶನ್ ದುಡ್ಡಲ್ಲಿ ಟೈಮಿಂಗ್ ಬೆಲ್ಟ್, ವಾಟರ್ ಪಂಪ್, ಟೆನ್ಶನರ್ ಹಾಕಿಸಿಕೊಂಡ. ರೇಡಿಯೋ ಡಬ್ಬಿಯನ್ನೂ ಹಾಕಿಕೊಟ್ಟೆ. ಲೋಗೋ ತೆಗೀಲಾ ಅಂತ ಕೇಳಿದೆ, ಹೆಂಡತಿಗೆ ಲೆಕ್ಸಸ್ ಅಂತ ಹೇಳಿಬಿಟ್ಟೀನ್ರಿ, ಇರ್ಲಿ ಬಿಡ್ರಿ ಅಂದ. ಅಮೆರಿಕದ ಹೆಡ್‌ಲೈಟ್ ಜೋಡಿ ಇನ್ನೂ ಡಬ್ಬದಲ್ಲೇ ನಮ್ಮ ಗ್ಯಾರೇಜಿನ ಅಟ್ಟದ ಮೇಲಿದೆ.